ಬಿಸಿನೀರಿನಲ್ಲಿ ಮಿಂದ ದ್ರಾಕ್ಷಿಕಡ್ಡಿ



ನೀವು ತುಮಕೂರು ತಾಲ್ಲೂಕಿನ ಊರ್ಡಿಗೆರೆ ಕಡೆಯವರಾಗಿದ್ದರೆ ಈ ನೋಟ ನಿಮಗೆ ಹೊಸದಲ್ಲ. ಬೇಸಿಗೆ ಬಂತೆಂದರೆ, ಬಿತ್ತನೆಗೆಂದು ಎತ್ತಿಟ್ಟ ಅವರೆ, ತೊಗರಿಯನ್ನು ಅಜ್ಜಿಯೋ ಅಮ್ಮನೋ ಅಂಗಳದಲ್ಲಿ ಹರಡುತ್ತಾರೆ. ಬರಿಗಾಲು ಇಡಲಾಗದಷ್ಟು ನೆಲ ಕಾದಾಗ ಕಾಳಿನಲ್ಲಿದ್ದ ಹುಳು ಸಾಯುತ್ತದೆ, ಇಲ್ಲವೇ ಹೊರಗೆ ಓಡುತ್ತದೆ. ಆದರೆ ಮಳೆ ಬಿದ್ದ ಮೇಲೆ ಬಿತ್ತಿದರೆ ಅದೇ ಕಾಳು ಮೊಳೆಯುತ್ತದೆ. ಹುಳುವನ್ನು ಕೊಂದ ಬಿಸಿಲು ಕಾಳನ್ನೇಕೆ ಕೊಲ್ಲಲಿಲ್ಲ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ದ್ರಾಕ್ಷಿ ತೋಟಕ್ಕೆ ಹೋಗಿಬರೋಣ.

ಬಹಳ ದೂರವೇನಿಲ್ಲ. ಊರ್ಡಿಗೆರೆಯಿಂದ ಪೂರ್ವಕ್ಕೆ ಹೊರಟರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಚಪ್ಪರಗಳು ಸಿಗುತ್ತವೆ. 2013ರಲ್ಲಿ ಭೌಗೋಳಿಕ ಗುರುತು ಪಡೆದ 'ಬೆಂಗಳೂರು ನೀಲಿ' ದ್ರಾಕ್ಷಿ ಇಲ್ಲಿಯದೇ. ಉತ್ತರದ ವಿಜಯಪುರ, ಬಾಗಲಕೋಟೆಗಳಲ್ಲಿ ಬೀಜವಿಲ್ಲದ ದ್ರಾಕ್ಷಿ ಹೆಚ್ಚು, ಒಣದ್ರಾಕ್ಷಿಯಾಗುವುದೂ ಅದೇ.

ಹವೆ ಬದಲಾಗುತ್ತಿದೆ ಎಂಬುದನ್ನು ದ್ರಾಕ್ಷಿ ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೂ ಬಿಡುವ ಹೊತ್ತಿಗೆ ಅಕಾಲ ಮಳೆ ಸುರಿದರೆ ಬೂಜುರೋಗ ಬರುತ್ತದೆ. ಮಳೆ ಕೈಕೊಟ್ಟರೆ ಕೊಳವೆಬಾವಿ ಬತ್ತುತ್ತದೆ. ಫ್ರಾನ್ಸಿನ ಬೋನ್ ಎಂಬ ಊರಿನಲ್ಲಿ ದ್ರಾಕ್ಷಿ ಕೊಯ್ಲಿನ ದಿನಾಂಕಗಳ ದಾಖಲೆ 1354ರಿಂದ ಸಿಗುತ್ತದೆ. ಅದನ್ನು ಪರಿಶೀಲಿಸಿದ ವಿದ್ವಾಂಸರು 2019ರಲ್ಲಿ ತಿಳಿಸಿದಂತೆ, 1988ರಿಂದೀಚೆಗೆ ಅಲ್ಲಿ ಕೊಯ್ಲು ಹಿಂದಿನ ಶತಮಾನಗಳ ಸರಾಸರಿಗಿಂತ ಸುಮಾರು 13 ದಿನ ಮೊದಲೇ ಬರುತ್ತಿದೆ.

ಇದಕ್ಕೆ ರೈತ ಏನು ಮಾಡಬಲ್ಲ? ತಳಿ ಬದಲಿಸಬಹುದು, ಇಲ್ಲವೇ ಬೇರನ್ನೇ ಬದಲಿಸಬಹುದು. ಬರ ಮತ್ತು ಉಪ್ಪುನೀರನ್ನು ತಾಳುವ 'ಡಾಗ್‌ರಿಡ್ಜ್' ಎಂಬ ಕಾಡುದ್ರಾಕ್ಷಿಯ ಬೇರಿನ ಮೇಲೆ ಬೇಕಾದ ತಳಿಯನ್ನು ಕಸಿ ಕಟ್ಟುವುದು ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದಲ್ಲಿ ಈಗ ಸಾಮಾನ್ಯ. ಎರಡಕ್ಕೂ ಹೊಸ ಗಿಡ ಬೇಕು. ದ್ರಾಕ್ಷಿಯನ್ನು ತೋಟದಲ್ಲಿ ಬೀಜದಿಂದ ಬೆಳೆಸುವುದಿಲ್ಲ. ಬಳ್ಳಿಯ ಕಡ್ಡಿಯನ್ನು ಕತ್ತರಿಸಿ ನೆಡುತ್ತಾರೆ. ತಾಯಿಬಳ್ಳಿಗೆ ರೋಗವಿದ್ದರೆ ಅದು ಕಡ್ಡಿಯೊಳಗೆ ಕುಳಿತು, ಯಾರ ಕಣ್ಣಿಗೂ ಬೀಳದೆ ಹೊಸ ತೋಟಕ್ಕೆ ಬರುತ್ತದೆ. ಸಾಲ ಮಾಡಿ ಚಪ್ಪರ ಹಾಕಿ, ಫಸಲಿಗಾಗಿ ಎರಡು ಮೂರು ವರ್ಷ ಕಾದವನಿಗೆ ಬಳ್ಳಿ ಒಣಗತೊಡಗಿದಾಗಲಷ್ಟೇ ವಿಷಯ ತಿಳಿಯುತ್ತದೆ. ಬಿಸಿಲಿಗೆ, ನೀರಿನ ಕೊರತೆಗೆ ಸಿಕ್ಕಿದ ಬಳ್ಳಿಯಲ್ಲಿ ಕಾಂಡರೋಗ ಇನ್ನೂ ಬೇಗ ಬಲಿಯುತ್ತದೆ.

ಇಲ್ಲಿ ನೆರವಿಗೆ ಬರುವುದು ಬಿಸಿನೀರು. ಸಸ್ಯಕ್ಕೆ ಶಾಖದ ಮದ್ದು ಹೊಸದಲ್ಲ. ಡೆನ್ಮಾರ್ಕಿನ ಜೆನ್ಸೆನ್ 1880ರ ದಶಕದಲ್ಲೇ ಧಾನ್ಯದ ಕಾಡಿಗೆ ರೋಗವನ್ನು ಬಿಸಿನೀರಿನಿಂದ ತಡೆದು ತೋರಿಸಿದ. ಮುಂದೆ ಪಂಜಾಬಿನಲ್ಲಿ ಲೂತ್ರಾ ಎಂಬ ವಿಜ್ಞಾನಿ, ಗೋಧಿಯನ್ನು ಕೆಲವು ಗಂಟೆ ನೀರಿನಲ್ಲಿ ನೆನೆಸಿ ಕಡುಬೇಸಿಗೆಯ ಬಿಸಿಲಿನಲ್ಲಿ ಒಣಗಿಸುವ ಉಪಾಯ ಹೇಳಿಕೊಟ್ಟರು. ಸೌದೆಯ ಖರ್ಚೂ ಇಲ್ಲ! ಕಬ್ಬಿನ ಬಿತ್ತನೆ ತುಂಡುಗಳಿಗೂ ಬಿಸಿನೀರಿನ, ಬಿಸಿಗಾಳಿಯ ಉಪಚಾರವುಂಟು. ದ್ರಾಕ್ಷಿಗೆ ಯೂರೋಪಿನಲ್ಲಿ ಒಪ್ಪಿತವಾದ ಕ್ರಮವೆಂದರೆ 50 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 45 ನಿಮಿಷ. ಬಳ್ಳಿಯ ಆಹಾರನಾಳದಲ್ಲಿ ಅಡಗುವ ಫೈಟೊಪ್ಲಾಸ್ಮ ಎಂಬ ಅತಿಸೂಕ್ಷ್ಮ ಜೀವಿ ಇದರಿಂದ ಸಾಯುತ್ತದೆ. ಕಡ್ಡಿ ಮಾತ್ರ ಬದುಕುತ್ತದೆ.

ಹೇಗೆ? ಮೊಟ್ಟೆ ಬೇಯಿಸಿದಾಗ ಅದರ ಲೋಳೆ ಗಟ್ಟಿಯಾಗುವುದನ್ನು ನೋಡಿದ್ದೀರಿ. ಅದು ಪ್ರೋಟೀನಿನ ಮಡಿಕೆ ಬಿಚ್ಚಿ ಗೋಜಲಾಗುವ ಪರಿ. ಜೀವಕೋಶಕ್ಕೂ ಈ ಅಪಾಯವಿದೆ. 1962ರಲ್ಲಿ ಇಟಲಿಯ ರಿತೋಸ್ಸಾ ಹಣ್ಣುನೊಣಗಳನ್ನು ಅಭ್ಯಸಿಸುತ್ತಿದ್ದಾಗ, ಅವನ್ನಿಟ್ಟಿದ್ದ ಪೆಟ್ಟಿಗೆಯ ಉಷ್ಣತೆಯನ್ನು ಯಾರೋ ಏರಿಸಿಬಿಟ್ಟರು. ಮರಿಗಳ ವರ್ಣತಂತುಗಳಲ್ಲಿ ಅದುವರೆಗೆ ಕಾಣದ ಉಬ್ಬುಗಳು ಕಾಣಿಸಿದವು. ಕೋಶವು ಶಾಖಕ್ಕೆ ಉತ್ತರ ಕೊಡುತ್ತಿತ್ತು! ಇತರ ಪ್ರೋಟೀನುಗಳು ಕೆಡದಂತೆ ಕಾಯುವ ವಿಶೇಷ ಪ್ರೋಟೀನುಗಳನ್ನು ಅದು ತಯಾರಿಸುತ್ತದೆ ಎಂಬುದು ಮುಂದೆ ಗೊತ್ತಾಯಿತು. ಗಿಡಗಳಲ್ಲೂ ಇವು ಇವೆ. ಮಿತವಾದ ಬಿಸಿಯನ್ನು ಮೊದಲೇ ಕಂಡ ಗಿಡ ಮುಂದಿನ ಹೆಚ್ಚಿನ ಬಿಸಿಯನ್ನು ತಾಳುವುದು ಇದರಿಂದಲೇ. ಜೊತೆಗೆ, ಚಳಿಗಾಲದಲ್ಲಿ ಎಲೆ ಉದುರಿಸಿ 'ನಿದ್ದೆ'ಯಲ್ಲಿರುವ ಕಡ್ಡಿಯಲ್ಲಿ ಜೀವಕ್ರಿಯೆ ಮಂದವಾಗಿರುತ್ತದೆ, ಹಾನಿಯೂ ಕಡಿಮೆ.

ಆದರೆ ಕಷ್ಟ ಇರುವುದೂ ಈ ನಿದ್ದೆಯಲ್ಲೇ. ಕಡ್ಡಿ ತಾಳುವ ಬಿಸಿಗೂ ರೋಗಾಣು ಸಾಯುವ ಬಿಸಿಗೂ ನಡುವೆ ಕೆಲವೇ ಡಿಗ್ರಿಗಳ ಅಂತರ. ಆಸ್ಟ್ರೇಲಿಯದಲ್ಲಿ ಕಂಡುಕೊಂಡಂತೆ, ಬಿಸಿ ಪ್ರದೇಶದಲ್ಲಿ ಬೆಳೆದ ಕಡ್ಡಿ ಈ ಸ್ನಾನವನ್ನು ಚೆನ್ನಾಗಿ ತಡೆಯುತ್ತದೆ, ತಂಪು ಪ್ರದೇಶದ್ದು ಸೊರಗುತ್ತದೆ. ತಳಿಯ ಗುಣವೂ ಉಂಟು: ಕ್ಯಾಬರ್ನೆ ಸೊವಿನ್ಯಾನ್ ಗಟ್ಟಿ, ಪಿನೋ ನ್ವಾರ್ ನಾಜೂಕು. ಹಾಗಾದರೆ ನಮ್ಮ ಕಡ್ಡಿಗೆ ಅನುಕೂಲವೇ ಸರಿ ಎನ್ನುವಿರಾ? ಸ್ವಲ್ಪ ತಾಳಿ. ನಮ್ಮಲ್ಲಿ ಬಳ್ಳಿ ಪೂರ್ತಿ ನಿದ್ದೆಗೆ ಹೋಗುವುದೇ ಇಲ್ಲ. ವಿಜಯಪುರದ ರೈತರು ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ 'ಚಾಟ್ನಿ' ಮಾಡಿ, ಅಂದರೆ ಕಡ್ಡಿ ಸವರಿ, ಬಳ್ಳಿಯನ್ನು ಮತ್ತೆ ಮತ್ತೆ ಚಿಗುರಿಸುತ್ತಾರೆ. ಬೆಂಗಳೂರು ನೀಲಿಯಂತೂ ವರ್ಷಕ್ಕೆ ಎರಡು ಫಸಲು ಕೊಡುತ್ತದೆ. ಎಚ್ಚರವಾಗಿರುವ ಕಡ್ಡಿಗೆ ಫ್ರಾನ್ಸಿನ ಲೆಕ್ಕವನ್ನು ಹಾಗೆಯೇ ಹಚ್ಚಿದರೆ ಮೊಗ್ಗು ಬೆಂದೀತು. ಇನ್ನೊಂದು ತೊಡಕೂ ಇದೆ. ಬಿಸಿನಾಡಿನ ಕೆಲವು ಶಿಲೀಂಧ್ರಗಳಿಗೂ ಶಾಖದ ರೂಢಿಯಿದ್ದು, 50 ಡಿಗ್ರಿಗೆ ಅವು ಸುಲಭವಾಗಿ ಬಗ್ಗುವುದಿಲ್ಲ. ಆದ್ದರಿಂದ ನಮ್ಮ ಮಣ್ಣಿನ, ನಮ್ಮ ತಳಿಯ ಕಡ್ಡಿಗೆ ಎಷ್ಟು ಡಿಗ್ರಿ, ಎಷ್ಟು ನಿಮಿಷ ಎಂಬುದನ್ನು ಇಲ್ಲಿಯೇ ಪರೀಕ್ಷಿಸಿ ಗೊತ್ತುಮಾಡಬೇಕು. ನಿಮ್ಮಲ್ಲಿ ಯಾರಾದರೂ ಕೃಷಿ ಕಾಲೇಜಿಗೆ ಸೇರುವವರಿದ್ದರೆ ಇದು ಕೈಹಾಕಲು ಯೋಗ್ಯವಾದ ಕೆಲಸ.

ಸ್ನಾನದ ನಂತರದ ಆರೈಕೆಯೂ ಮುಖ್ಯ. ಕಡ್ಡಿಯನ್ನು ಕೂಡಲೇ ಶುಭ್ರವಾದ ತಣ್ಣೀರಿನಲ್ಲಿ ಅದ್ದಿ ಆರಿಸಬೇಕು. ಒದ್ದೆಯಾಗಿಯೇ ಗಾಳಿಯಾಡದ ಚೀಲದಲ್ಲಿ ಕಟ್ಟಿಟ್ಟರೆ ಉಸಿರುಗಟ್ಟಿ ಕೆಡುತ್ತದೆ. ಶಾಖದಿಂದ ಒಳ್ಳೆಯ ಸೂಕ್ಷ್ಮಜೀವಿಗಳೂ ಸಾಯುವುದರಿಂದ ನೆಡುವಾಗ ಟ್ರೈಕೋಡರ್ಮಾದಂಥ ಹಿತಕರ ಶಿಲೀಂಧ್ರವನ್ನು ಸೇರಿಸುವವರೂ ಉಂಟು. ಮತ್ತೊಂದು ಮಾತು: ಈ ಸ್ನಾನದಿಂದ ಬಳ್ಳಿ ಮುಂದಿನ ಬೇಸಿಗೆಗಳನ್ನೆಲ್ಲ ಗೆಲ್ಲುತ್ತದೆಂದು ತಿಳಿಯಬೇಡಿ. ಅದು ರೋಗವಿಲ್ಲದ ಆರಂಭವನ್ನು ಕೊಡುತ್ತದೆ, ಅಷ್ಟೆ. ಬರ ತಾಳುವ ಕೆಲಸ ಬೇರಿನದು.

ಅಂಗಳದ ಅವರೆಯ ಪ್ರಶ್ನೆಯನ್ನು ನೀವೇ ಪರೀಕ್ಷಿಸಬಹುದು. ಶಾಲೆಯ ಪ್ರಯೋಗಾಲಯದ ಉಷ್ಣಮಾಪಕ ಕೇಳಿ ತೆಗೆದುಕೊಂಡು, ಅಧ್ಯಾಪಕರ ಎದುರಿನಲ್ಲೇ ಮಾಡಿ. ಇಪ್ಪತ್ತು ಇಪ್ಪತ್ತು ಕಾಳುಗಳ ಮೂರು ಗುಂಪು ಮಾಡಿ: ಒಂದನ್ನು ತಣ್ಣೀರಿನಲ್ಲಿ, ಒಂದನ್ನು 50 ಡಿಗ್ರಿ ನೀರಿನಲ್ಲಿ, ಮತ್ತೊಂದನ್ನು 60 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಡಿ. ನೀರು ಆರದಂತೆ ಆಗಾಗ ಬಿಸಿನೀರು ಬೆರೆಸುತ್ತಿರಬೇಕು. ಬಳಿಕ ಒದ್ದೆ ಬಟ್ಟೆಯಲ್ಲಿ ಬೇರೆಬೇರೆಯಾಗಿ ಕಟ್ಟಿಟ್ಟು, ನಾಲ್ಕನೆಯ ದಿನ ಯಾವ ಗುಂಪಿನಲ್ಲಿ ಎಷ್ಟು ಮೊಳೆತಿವೆ ಎಣಿಸಿ ಬರೆದುಕೊಳ್ಳಿ.