ದವಡೆ ಸವೆದರೂ ಬಿಗಿ ಬಿಡದ ವೈಸ್

ಅರ ಹಾಕುವ ಕೆಲಸಕ್ಕೆ ಎರಡು ಕೈಗಳೂ ಬೇಕು. ಒಂದು ಕೈ ಅರದ ಹಿಡಿಯನ್ನು ಮುಂದಕ್ಕೆ ತಳ್ಳುತ್ತಿರುವಾಗ ಇನ್ನೊಂದು ಕೈ ಅದರ ತುದಿಯನ್ನು ಒತ್ತಿ ಮಟ್ಟ ತಪ್ಪದಂತೆ ನೋಡಿಕೊಳ್ಳಬೇಕಾಗುತ್ತದೆ, ಹೀಗಾಗಿ ಲೋಹದ ತುಂಡನ್ನು ಅಲುಗದಂತೆ ಹಿಡಿಯಲು ಮೂರನೆಯ ಕೈಯೊಂದು ಬೇಕೇ ಬೇಕು. ನೆಲದ ಮೇಲೆ ಕುಳಿತು ಕೆಲಸ ಮಾಡುವ ಕರ್ನಾಟಕದ ಬಡಗಿ ಆ ಮೂರನೆಯ ಕೈಯನ್ನು ತನ್ನ ಪಾದದಲ್ಲಿ ಕಂಡುಕೊಂಡ, ಕುಲುಮೆಯ ಕಮ್ಮಾರ ಇಕ್ಕುಳದಲ್ಲಿ ಕಂಡುಕೊಂಡ. ನಿಂತು ಕೆಲಸ ಮಾಡುವ ರೂಢಿಯಿದ್ದ ಯುರೋಪಿನ ಬೀಗ ಮತ್ತು ಬಂದೂಕು ತಯಾರಕರು ಅದನ್ನು ಮೇಜಿಗೆ ಕಚ್ಚಿ ನಿಲ್ಲುವ, ತಿರುಪಿನಿಂದ ಬಿಗಿಯಾಗುವ ಎರಡು ಕಬ್ಬಿಣದ ದವಡೆಗಳಾಗಿ ರೂಪಿಸಿಕೊಂಡರು. ಇಂದು ಐಟಿಐಗಳ ಫಿಟ್ಟರ್ ವಿಭಾಗದಲ್ಲಿ ಹೊಸ ವಿದ್ಯಾರ್ಥಿಯನ್ನು ಮೊದಲು ನಿಲ್ಲಿಸುವುದು ಈ ವೈಸಿನ ಮುಂದೆಯೇ. ದವಡೆಯ ಮೇಲಂಚು ಕೆಲಸಗಾರನ ಮೊಣಕೈ ಮಟ್ಟಕ್ಕೆ ಬರಬೇಕೆಂಬುದು ಅಲ್ಲಿ ಕಲಿಸುವ ಮೊದಮೊದಲ ಪಾಠಗಳಲ್ಲಿ ಒಂದು.

ಹೆಸರಿನ ಮೂಲದಲ್ಲೇ ಈ ಉಪಕರಣದ ಹೃದಯ ಯಾವುದೆಂಬುದು ತಿಳಿಯುತ್ತದೆ. ಲ್ಯಾಟಿನ್ ಭಾಷೆಯಲ್ಲಿ ದ್ರಾಕ್ಷಿ ಬಳ್ಳಿಗೆ ‘ವೀಟಿಸ್’ ಎನ್ನುತ್ತಿದ್ದರು. ಬಳ್ಳಿಯ ಕುಡಿ ಆಸರೆಗೆ ಸುತ್ತಿಕೊಂಡು ಏರುವ ಬಗೆಯನ್ನು ನೋಡಿ ಫ್ರೆಂಚರು ತಿರುಪನ್ನು ‘ವಿಸ್’ ಎಂದು ಕರೆದರು, ಆ ಮಾತೇ ಇಂಗ್ಲಿಷಿಗೆ ದಾಟಿ ತಿರುಪಿರುವ ಈ ಹಿಡಿಯ ಹೆಸರಾಯಿತು.

ಆರಂಭದ ವೈಸ್‌ಗಳಿಗೆ ಉದ್ದನೆಯ ಕಾಲೊಂದಿತ್ತು. ಮೇಜಿನ ಅಂಚಿಗೆ ಬಿಗಿದ ಹಿಂದಿನ ದವಡೆಯಿಂದ ಈ ಕಾಲು ನೆಲದವರೆಗೂ ಇಳಿದು, ಸುತ್ತಿಗೆಯ ಪೆಟ್ಟನ್ನು ಮೇಜಿಗೆ ತಾಗಗೊಡದೆ ನೆಲಕ್ಕೆ ದಾಟಿಸುತ್ತಿತ್ತು. ಮುಂದಿನ ದವಡೆ ಕೆಳಗಿನ ಕೀಲೊಂದರ ಮೇಲೆ ಬಾಗುತ್ತಿತ್ತು, ತಿರುಪು ಸಡಿಲಿಸಿದಾಗ ಎರಡರ ನಡುವಿನ ಪಟ್ಟಿ ಸ್ಪ್ರಿಂಗ್ ಅದನ್ನು ಹೊರಕ್ಕೆ ತಳ್ಳುತ್ತಿತ್ತು. ಲಂಡನ್ನಿನ ಜೋಸೆಫ್ ಮಾಕ್ಸನ್ 1677ರಿಂದ ಕಂತುಗಳಲ್ಲಿ ಪ್ರಕಟಿಸಿದ, ಕುಶಲ ಕಸುಬುಗಳನ್ನು ಕುರಿತ ತನ್ನ ಗ್ರಂಥದಲ್ಲಿ ಕಮ್ಮಾರನ ಉಪಕರಣಗಳ ಸಾಲಿನಲ್ಲಿ ಇಂಥ ವೈಸನ್ನೂ ವಿವರಿಸಿದ್ದಾನೆ. ಆ ಕಾಲದಲ್ಲಿ ಅತಿ ಕಷ್ಟದ ಭಾಗವೆಂದರೆ ತಿರುಪು ಓಡಾಡುವ ನಟ್ಟು. ಕೊಳವೆಯ ಒಳಮೈಯಲ್ಲಿ ಥ್ರೆಡ್ ಕೊರೆಯುವುದು, ಅಂದರೆ ತಿರುಪಿನ ಏಣುಗಳಿಗೆ ಹೊಂದುವ ಸುರುಳಿ ಕಾಲುವೆ ತೆಗೆಯುವುದು, ಕೈಯಿಂದ ಸುಲಭವಾಗಿ ಆಗುವ ಕೆಲಸವಾಗಿರಲಿಲ್ಲ. ಆದ್ದರಿಂದ ಕಮ್ಮಾರರು ತಿರುಪಿನ ಏಣುಗಳ ನಡುವಿನ ಸಂದಿಯಲ್ಲೇ ಚೌಕನೆಯ ಕಬ್ಬಿಣದ ಸರಿಗೆಯನ್ನು ಸುತ್ತಿ, ಆ ಸುರುಳಿಯನ್ನು ಹಾಗೆಯೇ ಕೊಳವೆಯೊಳಗೆ ಸೇರಿಸಿ ಹಿತ್ತಾಳೆಯ ಬೆಸುಗೆ ಹಾಕುತ್ತಿದ್ದರು. ಪ್ರತಿ ನಟ್ಟೂ ತನ್ನ ತಿರುಪಿಗೆ ಮಾತ್ರ ಹೊಂದುತ್ತಿತ್ತು. ಒಂದು ಕೆಟ್ಟರೆ ಮಾರುಕಟ್ಟೆಯಿಂದ ಇನ್ನೊಂದನ್ನು ತಂದು ಹಾಕುವಂತಿರಲಿಲ್ಲ.

ದವಡೆಗಳ ಕಥೆಯೂ ಹೀಗೆಯೇ. ವೈಸಿನ ಮೈ ಮೆದು ಕಬ್ಬಿಣದ್ದಾದರೂ ಕಚ್ಚುವ ಮುಖಕ್ಕೆ ಗಟ್ಟಿ ಉಕ್ಕಿನ ಪದರವನ್ನು ಕುಲುಮೆಯಲ್ಲಿ ಬೆಸೆದು, ಅದರ ಮೇಲೆ ಅಡ್ಡಗೆರೆಗಳ ಹಲ್ಲು ಕೊರೆದು, ಕೊನೆಗೆ ಹದ ಕೊಡುತ್ತಿದ್ದರು. ವರ್ಷಗಳ ದುಡಿತದಲ್ಲಿ ಈ ಹಲ್ಲುಗಳು ಸವೆದಾಗ ದುರಸ್ತಿಗೆ ಕುಲುಮೆ, ಅಡೆಗಲ್ಲು, ಅರ, ಹದದ ಅರಿವು ಎಲ್ಲವೂ ಒಂದೇ ಕೈಯಲ್ಲಿ ಕೂಡಿರಬೇಕಾಗುತ್ತಿತ್ತು. ಆಧುನಿಕ ಯಂತ್ರೋಪಕರಣಗಳ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ಇಂಥ ದುರಸ್ತಿಯೊಂದರಿಂದಲೇ ಶುರುವಾಗುತ್ತದೆ. ಸ್ಯಾಮ್ಯುಯಲ್ ಸ್ಮೈಲ್ಸ್ 1863ರಲ್ಲಿ ಪ್ರಕಟಿಸಿದ ಯಂತ್ರ ಕುಶಲಿಗರ ಚರಿತ್ರೆಯಲ್ಲಿ ಹೇಳುವಂತೆ, ವುಲ್ವಿಚ್‌ನ ಶಸ್ತ್ರಾಗಾರದಲ್ಲಿ ಕಮ್ಮಾರಿಕೆ ಕಲಿತ ಹದಿನೆಂಟರ ಹರೆಯದ ಹೆನ್ರಿ ಮಾಡ್ಸ್‌ಲಿಯನ್ನು ಬೀಗಗಳಿಗೆ ಹೆಸರಾದ ಜೋಸೆಫ್ ಬ್ರಾಮಾ ಲಂಡನ್ನಿಗೆ ಕರೆಸಿಕೊಂಡಾಗ, ಏಳು ವರ್ಷಗಳ ಕ್ರಮಬದ್ಧ ಶಿಷ್ಯವೃತ್ತಿಯನ್ನು ಮುಗಿಸಿರದ ಹುಡುಗನನ್ನು ನುರಿತ ಕೆಲಸಗಾರರು ತಮ್ಮ ಸರಿಸಮಾನನೆಂದು ಒಪ್ಪುವರೇ ಎಂಬ ಅನುಮಾನ ಎದ್ದಿತು. ಮಾಡ್ಸ್‌ಲಿ ಅಲ್ಲೇ ಇದ್ದ ಸವೆದ ವೈಸೊಂದನ್ನು ತೋರಿಸಿ, ಸಂಜೆ ಆರರೊಳಗೆ ಅದನ್ನು ಹೊಸದರಂತೆ ಮಾಡಿಕೊಟ್ಟರೆ ಕೆಲಸಕ್ಕೆ ತೆಗೆದುಕೊಳ್ಳುವಿರಾ ಎಂದು ಕೇಳಿದ. ದವಡೆಗಳಿಗೆ ಹೊಸ ಉಕ್ಕು ಬೆಸೆದು, ಅರ ಹಾಕಿ ಮಟ್ಟ ಮಾಡಿ, ಹಲ್ಲು ಕೊರೆದು, ಹದವಿಟ್ಟು, ಹೇಳಿದ ಹೊತ್ತಿಗೆ ಮುಂಚೆಯೇ ಅದನ್ನು ಒಪ್ಪಿಸಿದಾಗ ಕೆಲಸಗಾರರ ಆಕ್ಷೇಪಕ್ಕೆ ಎಡೆಯೇ ಉಳಿಯಲಿಲ್ಲ. ಕಾಗದದ ಮೇಲಿನ ಅರ್ಹತೆಗಿಂತ ಇಂಥ ಪರೀಕ್ಷೆ ಹೆಚ್ಚು ನ್ಯಾಯವಾದದ್ದೆಂದು ಧೈರ್ಯವಾಗಿ ಹೇಳಬಹುದು, ಏಕೆಂದರೆ ಕಮ್ಮಾರನ ಅಷ್ಟೂ ವಿದ್ಯೆ ಆ ಎರಡು ದವಡೆಗಳ ಅಗಲದಲ್ಲಿ ಅಡಕವಾಗಿತ್ತು.

ಮುಂದೆ ಸ್ವಂತ ಕಾರ್ಖಾನೆ ತೆರೆದ ಮಾಡ್ಸ್‌ಲಿ, 1800ರ ಆಸುಪಾಸಿನಲ್ಲಿ ತಿರುಪನ್ನು ಕರಾರುವಾಕ್ಕಾಗಿ ಕತ್ತರಿಸುವ ಲೇತ್ ಯಂತ್ರವನ್ನು ಪಳಗಿಸಿದ; ಅವನ ಬಳಿ ದುಡಿದ ರಿಚರ್ಡ್ ರಾಬರ್ಟ್ಸ್ 1817ರಲ್ಲಿ ಲೋಹದ ಮೈಯನ್ನು ಚಪ್ಪಟೆಯಾಗಿ ಹೆರೆಯುವ ಪ್ಲೇನಿಂಗ್ ಯಂತ್ರವನ್ನು ಕಟ್ಟಿದ; ಮಾಡ್ಸ್‌ಲಿಯ ಬಳಿಯೇ ಪಳಗಿದ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಥ್ರೆಡ್‌ಗಳಿಗೆ 55 ಡಿಗ್ರಿ ಕೋನದ ಒಂದೇ ಅಳತೆಪಟ್ಟಿಯನ್ನು ಮುಂದಿಟ್ಟ. ಇವುಗಳ ಫಲ ತಿರುಗಿ ವೈಸಿಗೇ ಬಂತು. ಕೀಲಿನ ಮೇಲೆ ಬಾಗುವ ಹಳೆಯ ದವಡೆ ಅಗಲಿಸಿದಷ್ಟೂ ಓರೆಯಾಗಿ, ದಪ್ಪ ವಸ್ತುವನ್ನು ಕೆಳಂಚಿನಲ್ಲಷ್ಟೇ ಕಚ್ಚುತ್ತಿತ್ತು. ನೇರವಾಗಿ ಹೆರೆದ ಕಂಬಿಯೊಂದು ಅಷ್ಟೇ ನೇರವಾದ ಗೂಡಿನಲ್ಲಿ ಜಾರುವಂತೆ ಮಾಡುವುದು ಸಾಧ್ಯವಾದ ಮೇಲೆ, ಎಷ್ಟು ತೆರೆದರೂ ಎರಡು ಮುಖಗಳು ಸಮಾನಾಂತರವಾಗಿಯೇ ನಿಲ್ಲುವ ವೈಸ್ 19ನೆಯ ಶತಮಾನದಲ್ಲಿ ಹರಡಿತು. ಅದರ ಮೈ ಬೀಡು ಕಬ್ಬಿಣದ್ದು, ಅಂದರೆ ಕರಗಿಸಿ ಅಚ್ಚಿನಲ್ಲಿ ಎರಕ ಹೊಯ್ದದ್ದು; ಅಗ್ಗವೂ ಗಡುಸೂ ಆದ ಈ ಲೋಹ ಒತ್ತಡವನ್ನು ಚೆನ್ನಾಗಿ ತಾಳುತ್ತದೆಯಾದರೂ ಸುತ್ತಿಗೆಯ ಜೋರು ಪೆಟ್ಟಿಗೆ ಬಿರಿಯುತ್ತದೆ. ಕಾಲುಳ್ಳ ವೈಸ್ ಕಮ್ಮಾರನ ಬಳಿಯೇ ಉಳಿದು, ಮೇಜಿನ ವೈಸ್ ಫಿಟ್ಟರನ ಪಾಲಿಗೆ ಬಂದದ್ದು ಈ ಕಾರಣದಿಂದಲೇ.

ವೈಸಿನ ಬಲವನ್ನು ಲೆಕ್ಕ ಹಾಕಿ ನೋಡಬಹುದು. ತಿರುಪಿನ ನಡುವಿನಿಂದ 250 ಮಿಲಿಮೀಟರ್ ದೂರದಲ್ಲಿ ಹಿಡಿಯನ್ನು ಒಂದು ಸುತ್ತು ತಿರುಗಿಸಿದಾಗ ಕೈ ಸುಮಾರು 1570 ಮಿಲಿಮೀಟರ್ ಚಲಿಸುತ್ತದೆ, ಆದರೆ 5 ಮಿಲಿಮೀಟರ್ ಅಂತರದ ಥ್ರೆಡ್ ಇದ್ದರೆ ದವಡೆ ಸರಿಯುವುದು ಆ 5 ಮಿಲಿಮೀಟರ್ ಮಾತ್ರ. ಘರ್ಷಣೆಯೇ ಇಲ್ಲವೆಂದುಕೊಂಡರೆ ಕೈಯ ಬಲ 300ಕ್ಕೂ ಹೆಚ್ಚು ಪಟ್ಟಾಗಬೇಕು. ವಾಸ್ತವದಲ್ಲಿ ಅದರ ಮುಕ್ಕಾಲು ಪಾಲಿನಷ್ಟನ್ನೋ ಅದಕ್ಕೂ ಹೆಚ್ಚನ್ನೋ ಘರ್ಷಣೆ ನುಂಗುತ್ತದೆ. ಹಾಗೆಂದು ಅದನ್ನು ನಷ್ಟವೆಂದು ಬರೆದಿಡುವಂತಿಲ್ಲ: ಕೈ ಬಿಟ್ಟ ಮೇಲೂ ತಿರುಪು ತಾನಾಗಿ ಹಿಂದಿರುಗದೆ ಬಿಗಿ ನಿಲ್ಲುವುದು ಆ ಘರ್ಷಣೆಯ ಉಪಕಾರದಿಂದಲೇ.

ವೈಸ್ ಮನೆಯೊಳಗೆ ಕಾಲಿಟ್ಟದ್ದು ಹವ್ಯಾಸಿಗಳ ಜೊತೆಯಲ್ಲಿ. ಲಂಡನ್ನಿನಲ್ಲಿ ಪರ್ಸಿವಲ್ ಮಾರ್ಷಲ್ 1898ರಲ್ಲಿ ಆರಂಭಿಸಿದ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಮನೆಯ ಹಿತ್ತಲಿನ ಕೊಟ್ಟಿಗೆಯಲ್ಲಿ ಪುಟ್ಟ ಉಗಿ ಎಂಜಿನ್ನುಗಳನ್ನು ಕಟ್ಟುವಂಥ ಹವ್ಯಾಸಿಗಳಿಗಾಗಿ ಇತ್ತು. ಯಾರ್ಕ್‌ಷೈರಿನ ಶಿಪ್ಲಿಯ ಪಾರ್ಕಿನ್ಸನ್ ಕಂಪನಿಯ ವೈಸಿನಲ್ಲಿ ಸನ್ನೆಯೊಂದನ್ನು ಒತ್ತಿದರೆ ಅರ್ಧ ನಟ್ಟು ತಿರುಪಿನಿಂದ ಕಳಚಿಕೊಂಡು ದವಡೆ ಸರಾಗವಾಗಿ ಜಾರುತ್ತಿತ್ತು. ಶೆಫೀಲ್ಡಿನ ‘ರೆಕಾರ್ಡ್’ ವೈಸ್‌ಗಳು ತಮ್ಮ ನೀಲಿ ಬಣ್ಣದಿಂದಲೇ ಗುರುತಾದವು. ಅಮೆರಿಕದಲ್ಲಿ ಹ್ಯೂ ವೋಗಲ್ ಎಂಬ ವಲಸೆಗಾರ 1941ರಲ್ಲಿ ಶಿಕಾಗೊದಲ್ಲಿ ‘ವಿಲ್ಟನ್’ ಕಂಪನಿಯನ್ನು ಸ್ಥಾಪಿಸಿ, ತಿರುಪನ್ನು ದುಂಡನೆಯ ಕೊಳವೆಯೊಳಗೆ ಪೂರ್ತಿ ಮುಚ್ಚಿ ಲೋಹದ ಪುಡಿಗೆ ಎಡೆಯಿಲ್ಲದಂತೆ ಮಾಡಿದ. ಆ ಕಂಪನಿಯ ಹಳೆಯ ವೈಸ್‌ಗಳ ತಳಭಾಗದಲ್ಲಿ ತಿಂಗಳು ಮತ್ತು ವರ್ಷದ ಮುದ್ರೆಯಿದ್ದರೆ ಅದನ್ನು ತಯಾರಾದ ದಿನವೆಂದು ಓದುವ ಅವಸರ ಮಾಡಬಾರದು. ಮೊದಲ ಕಾಲದವುಗಳಲ್ಲಿ ಅದು ಐದು ವರ್ಷಗಳ ಖಾತರಿ ಮುಗಿಯುವ ದಿನ.

ಇಷ್ಟಾದರೂ ಇಂದು ಮನೆಗಳ ಕಾರ್ಯಾಗಾರಗಳಲ್ಲಿ ಅರ್ಧ ಶತಮಾನ ದಾಟಿದ ವೈಸ್‌ಗಳು ಕಾಣಸಿಗುವುದಕ್ಕೆ ಹೆಸರು ಬಣ್ಣಗಳಿಗಿಂತ ಒಂದು ಸಣ್ಣ ಬದಲಾವಣೆಯೇ ಮುಖ್ಯ ಕಾರಣ: ದವಡೆಯ ಉಕ್ಕಿನ ಮುಖವನ್ನು ಬೆಸೆಯುವ ಬದಲು ಪಟ್ಟಿಯಾಗಿ ಮಾಡಿ ಎರಡು ತಿರುಪುಮೊಳೆಗಳಿಂದ ಕೂರಿಸುವ ಪದ್ಧತಿ. ಸವೆಯುವ ಭಾಗ ಬೇರೆ, ಬಾಳುವ ಭಾಗ ಬೇರೆಯೆಂದು ಅದು ವಿಂಗಡಿಸಿತು. ಇದರಿಂದಾಗಿ ಕಾರ್ಖಾನೆ ಬಾಗಿಲು ಹಾಕಿದಾಗ ಗುಜರಿ ಅಂಗಡಿಗೆ ತೂಕದ ಲೆಕ್ಕದಲ್ಲಿ ಬಂದ ವೈಸನ್ನು ಕುಲುಮೆಯಿಲ್ಲದವರೂ ಎತ್ತಿ ನಿಲ್ಲಿಸಬಹುದಾಯಿತು.

ಅಂಥದ್ದನ್ನು ಕೊಳ್ಳುವ ಮುನ್ನ ದವಡೆಯನ್ನು ಅರ್ಧ ತೆರೆದು ಮೇಲಕ್ಕೂ ಪಕ್ಕಕ್ಕೂ ಅಲುಗಿಸಿ ಗೂಡು ಎಷ್ಟು ಸವೆದಿದೆಯೆಂದು ನೋಡಬೇಕು, ಎರಕದ ಮೂಲೆಗಳಲ್ಲಿ ಬಿರುಕನ್ನೋ ಹಳೆಯ ಬೆಸುಗೆಯ ಗುರುತನ್ನೋ ಹುಡುಕಬೇಕು. ಹಿಡಿ ಬಾಗಿದ್ದರೆ ಯಾರೋ ಅದಕ್ಕೆ ಪೈಪು ತೂರಿಸಿ ಮಿತಿಮೀರಿ ಬಿಗಿದಿರುವ ಸಾಧ್ಯತೆ ಹೆಚ್ಚು. ತುಕ್ಕು ಅಷ್ಟು ದೊಡ್ಡ ಶತ್ರುವಲ್ಲ. ಸೀಮೆಎಣ್ಣೆ, ತಂತಿ ಬ್ರಷ್ಷು ಮತ್ತು ತಾಳ್ಮೆಗೆ ಅದು ಮಣಿಯುತ್ತದೆ. ಹಟ ಹಿಡಿಯುವುದು ದವಡೆ ಪಟ್ಟಿಯ ತಿರುಪುಮೊಳೆಗಳು: ಒಮ್ಮೆ ಕಾಯಿಸಿ, ಎಣ್ಣೆ ಬಿಟ್ಟು, ಒಂದು ರಾತ್ರಿ ಕಳೆದು, ಮತ್ತೆ ಕಾಯಿಸಿದ ಮೇಲೆ ಅವು ಕಿರುಗುಟ್ಟಿ ಸಡಿಲವಾಗುತ್ತವೆ, ಪಟ್ಟಿ ಕಳಚಿದಾಗ ಅದರ ಹಿಂದೆ ಗಾಳಿ ಬೆಳಕು ಕಾಣದ ಎರಕದ ಬೂದುಮೈ, ಕಾರ್ಖಾನೆಯಲ್ಲಿ ಹೆರೆದ ಗೆರೆಗಳ ಸಮೇತ ಕಾಣಿಸುತ್ತದೆ. ಹೊಸ ಪಟ್ಟಿಗೆ ಬೇಕಾದ ಉಕ್ಕನ್ನು ಅಳತೆಗೆ ಗರಗಸದಲ್ಲಿ ಕೊಯ್ಯುವಾಗ, ಅಂಚುಗಳಿಗೆ ಅರ ಹಾಕುವಾಗ, ಅದನ್ನು ಹಿಡಿದಿಡಲು ಬೇರೊಂದು ವೈಸ್ ಇಲ್ಲದ ಮನೆಯಲ್ಲಿ, ಕಳಚಿದ ಸವಕಲು ಪಟ್ಟಿಗಳನ್ನೇ ಮತ್ತೆ ಕೂರಿಸಿ ಅವುಗಳ ನಡುವೆ ಹೊಸ ತುಂಡನ್ನು ಬಿಗಿಯುತ್ತಾರೆ. ಹಲ್ಲು ಮಾಸಿದ ಆ ದವಡೆಗಳು ತಮ್ಮ ಜಾಗಕ್ಕೆ ಬರಲಿರುವ ಉಕ್ಕನ್ನು ಅರದ ಕೊನೆಯ ಉಜ್ಜುವಿಕೆಯವರೆಗೂ ಹಿಡಿದುಕೊಂಡಿರುತ್ತವೆ.