ಸೌರಶಕ್ತಿ ಷೇರುಗಳಲ್ಲಿ ಹಣ ತೊಡಗಿಸುವ ಮುನ್ನ: ಪಾವಗಡ ಹೇಳಿಕೊಡುವ ಲೆಕ್ಕ

ಮಧುಗಿರಿ ತಾಲ್ಲೂಕಿನ ಪುರವರ, ಸುತ್ತಲಿನ ಕೊರಟಗೆರೆ, ಶಿರಾ, ಪಾವಗಡ ಇವೆಲ್ಲ ಮಳೆಯನ್ನೇ ನಂಬಿದ ಸೀಮೆ. ಕಡಲೆಕಾಯಿ ಬೆಳೆ ಒಂದು ವರ್ಷ ಕೈಹಿಡಿದರೆ ಮತ್ತೆರಡು ವರ್ಷ ಕೈಕೊಡುವುದು ಇಲ್ಲಿನವರಿಗೆ ಹೊಸದಲ್ಲ. ಇದೇ ಸೀಮೆಯ ಪಾವಗಡದಲ್ಲಿ ಬಿಸಿಲೇ ಬೆಳೆಯಾದದ್ದು ಈಗ ದೇಶಕ್ಕೆಲ್ಲ ಗೊತ್ತಿರುವ ಸಂಗತಿ. ತಿರುಮಣಿಯ ಸುತ್ತ ಕಣ್ಣು ಹಾಯುವವರೆಗೂ ಸೌರ ಫಲಕಗಳಿವೆ. ಅವುಗಳನ್ನು ನೋಡಿ ಬಂದವರಿಗೆ ಮುಂದಿನ ಕಾಲ ಸೌರಶಕ್ತಿಯದೇ ಎನ್ನಿಸುವುದು ಸಹಜ. ಹಾಗಾದರೆ ಅಂಥ ಕಂಪನಿಗಳ ಷೇರು ಕೊಂಡರೆ ಲಾಭ ಖಂಡಿತ ಎಂಬ ಯೋಚನೆ ಅದರ ಹಿಂದೆಯೇ ಬರುತ್ತದೆ.

ಜೈನ ಕುಟುಂಬಗಳಿಗೆ ಈ ಷೇರುಗಳು ಹಿಡಿಸಲು ಇನ್ನೊಂದು ಕಾರಣವೂ ಇದೆ. ಮದ್ಯ, ಮಾಂಸ, ಚರ್ಮದ ಉದ್ಯಮಗಳಲ್ಲಿ ಹಣ ತೊಡಗಿಸಲು ಮನಸ್ಸೊಪ್ಪದ ಶ್ರಾವಕರಿಗೆ ಬಿಸಿಲು, ಗಾಳಿಯಿಂದ ವಿದ್ಯುತ್ ತೆಗೆಯುವ ಉದ್ಯಮ ನಿರ್ದೋಷವಾಗಿ ಕಾಣುತ್ತದೆ. ಆದರೆ ಉದ್ಯಮ ಒಳ್ಳೆಯದು ಎಂಬುದು ಒಂದು ಮಾತು, ಅದರ ಷೇರಿಗೆ ಇಂದು ಕೇಳುತ್ತಿರುವ ಬೆಲೆ ಸರಿಯೇ ಎಂಬುದು ಬೇರೆಯೇ ಮಾತು. ಈ ಎರಡನ್ನು ಒಂದೇ ಎಂದುಕೊಂಡ ಎಷ್ಟೋ ಮನೆಗಳ ಉಳಿತಾಯ ಕರಗಿದೆ.

ಪಾವಗಡದಲ್ಲಿ ಯಾರ ಆದಾಯ ಎಂಥದು?

ಪಾವಗಡ ಸೌರ ಪಾರ್ಕ್‌ನ ಸಾಮರ್ಥ್ಯ 2,050 ಮೆಗಾವಾಟ್. ವಳ್ಳೂರು, ಬಳಸಮುದ್ರ, ತಿರುಮಣಿ, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಅದು ಹರಡಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಗೆ ಪೂರ್ಣಗೊಂಡಿತು. ಇದನ್ನು ನಡೆಸುವುದು ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್.

ಇಲ್ಲಿ ರೈತರ ಜಮೀನನ್ನು ಕೊಳ್ಳಲಿಲ್ಲ, ದೀರ್ಘಾವಧಿ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆ ಎಂದು ನಿಗದಿಯಾಯಿತು. ಜಮೀನಿಲ್ಲದ ಕೂಲಿಯವರಿಗೆ ಈ ಬಾಡಿಗೆಯಲ್ಲಿ ಪಾಲು ಇರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಈಗ ಮೂವರನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಜಮೀನು ಕೊಟ್ಟ ರೈತನಿಗೆ ಬರುವುದು ಬಾಡಿಗೆ. ಕಂಪನಿಗೆ ಲಾಭ ಬರಲಿ, ನಷ್ಟವಾಗಲಿ, ಕರಾರಿನಂತೆ ಅದನ್ನು ಕೊಡಲೇಬೇಕು. ಸಾಲ ಕೊಟ್ಟ ಬ್ಯಾಂಕಿಗೆ ಬರುವುದು ಬಡ್ಡಿ. ಅದೂ ಕರಾರಿನ ಹಣವೇ. ಬಾಡಿಗೆ, ಬಡ್ಡಿ, ಸಂಬಳ, ರಿಪೇರಿ, ತೆರಿಗೆ ಎಲ್ಲ ಕಳೆದು ಏನಾದರೂ ಉಳಿದರೆ ಅದು ಷೇರುದಾರನ ಪಾಲು. ಉಳಿಯದಿದ್ದರೆ ಅವನಿಗೆ ಏನೂ ಇಲ್ಲ. ಬಿಸಿಲು ಮೂವರಿಗೂ ಒಂದೇ, ಆದರೆ ಸರದಿಯಲ್ಲಿ ಷೇರುದಾರ ಕೊನೆಯವನು.

ವಿದ್ಯುತ್ ಅಗ್ಗವಾದರೆ ಲಾಭ ಯಾರಿಗೆ?

ಸೌರ ಕಂಪನಿಯು ವಿದ್ಯುತ್ತನ್ನು ಸಾಮಾನ್ಯವಾಗಿ 25 ವರ್ಷದ ಒಪ್ಪಂದದಡಿ ಮಾರುತ್ತದೆ. ಹರಾಜಿನಲ್ಲಿ ಎಲ್ಲರಿಗಿಂತ ಕಡಿಮೆ ದರ ಹೇಳಿದವರಿಗೆ ಯೋಜನೆ ಸಿಗುತ್ತದೆ. ಪಾವಗಡಕ್ಕೆಂದು 2016ರಲ್ಲಿ ನಡೆದ ಹರಾಜಿನಲ್ಲಿ ಯೂನಿಟ್ ದರ ಸುಮಾರು 4.80 ರೂಪಾಯಿ ಇತ್ತು. 2018ರ ಹರಾಜಿನ ಹೊತ್ತಿಗೆ ಅದು 2.91 ರೂಪಾಯಿಗೆ ಇಳಿದಿತ್ತು. ಎರಡೇ ವರ್ಷದಲ್ಲಿ ಆದ ಈ ಇಳಿಕೆ ವಿದ್ಯುತ್ ಕೊಳ್ಳುವವರಿಗೆ ಶುಭ ಸುದ್ದಿ. ಮಾರುವ ಕಂಪನಿಗೆ ಉಳಿಯುವ ಅಂಚು ಮಾತ್ರ ತೆಳುವಾಗುತ್ತದೆ.

ಫಲಕ ತಯಾರಿಸುವವರ ಕಥೆಯೂ ಇದೇ. 2023ರಲ್ಲಿ ಜಗತ್ತಿನಲ್ಲಿ ಸೌರ ಫಲಕಗಳ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಫಲಕಗಳ ಅಳವಡಿಕೆ ದಾಖಲೆ ಮಟ್ಟಕ್ಕೆ ಏರಿದ್ದ ಅದೇ ಕಾಲದಲ್ಲಿ, 2024ರಲ್ಲಿ ಚೀನಾದ ದೊಡ್ಡ ದೊಡ್ಡ ತಯಾರಕ ಕಂಪನಿಗಳೇ ನಷ್ಟ ತೋರಿಸಿದವು. ಕಡಲೆಕಾಯಿ ವ್ಯಾಪಾರ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲರ ಹೊಲದಲ್ಲೂ ಭರ್ತಿ ಬೆಳೆ ಬಂದ ವರ್ಷ ಮಂಡಿಯಲ್ಲಿ ದರ ಬೀಳುತ್ತದೆ. ಹೊಸ ತಂತ್ರಜ್ಞಾನ ಗೆದ್ದಿತು ಎಂದರೆ ಅದರಲ್ಲಿ ಹಣ ಹಾಕಿದವರೆಲ್ಲ ಗೆದ್ದರು ಎಂದಲ್ಲ.

ಸುಜ್ಲಾನ್: ಏರಿಳಿತದ ದೊಡ್ಡ ಪಾಠ

ಗಾಳಿಯಂತ್ರ ತಯಾರಿಸುವ ಸುಜ್ಲಾನ್ ಎನರ್ಜಿ 2005ರಲ್ಲಿ ಷೇರು ಪೇಟೆಗೆ ಬಂದಿತು. 2008ರ ಜನವರಿಯಲ್ಲಿ ಅದರ ಷೇರಿನ ಬೆಲೆ 460 ರೂಪಾಯಿಯ ಆಸುಪಾಸಿನಲ್ಲಿತ್ತು. ಗಾಳಿ ವಿದ್ಯುತ್ತಿಗೆ ಮುಂದೆ ಬೇಡಿಕೆ ಹೆಚ್ಚುತ್ತದೆ ಎಂದು ಅಂದು ನಂಬಿದವರ ಎಣಿಕೆ ತಪ್ಪಾಗಲಿಲ್ಲ. ಚಿತ್ರದುರ್ಗ, ಗದಗದ ಗುಡ್ಡಗಳೇ ಅದಕ್ಕೆ ಸಾಕ್ಷಿ. ಆದರೆ ಕಂಪನಿ ಜರ್ಮನಿಯ ರೀಪವರ್ ಸಂಸ್ಥೆಯನ್ನು ಕೊಳ್ಳಲು ದೊಡ್ಡ ಸಾಲ ಮಾಡಿತು. ಅಷ್ಟರಲ್ಲಿ ಜಾಗತಿಕ ಆರ್ಥಿಕ ಕುಸಿತ ಬಂದಿತು. 2012ರಲ್ಲಿ ವಿದೇಶಿ ಬಾಂಡುಗಳ ಹಣ ಮರಳಿಸಲು ಆಗಲಿಲ್ಲ. 2020ರ ಮಾರ್ಚ್‌ನಲ್ಲಿ ಷೇರು 2 ರೂಪಾಯಿಗಿಂತ ಕೆಳಗೆ ಬಿತ್ತು.

ಮುಂದೆ ಸಾಲ ತೀರಿತು, ಕಂಪನಿ ಚೇತರಿಸಿಕೊಂಡಿತು. 2024ರ ಸೆಪ್ಟೆಂಬರ್‌ನಲ್ಲಿ ಷೇರು 86 ರೂಪಾಯಿ ಮುಟ್ಟಿತು. ‘2 ರೂಪಾಯಿಯ ಷೇರು 86 ಆಯಿತು’ ಎಂಬ ಮಾತು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿತು. 460ಕ್ಕೆ ಕೊಂಡವರ ಮಾತು ಅಲ್ಲಿ ಬರಲಿಲ್ಲ. ಹದಿನಾರು ವರ್ಷ ಕಾದರೂ ಅವರ ಹಣ ಐದನೇ ಒಂದು ಭಾಗಕ್ಕಿಂತ ಕಡಿಮೆಯೇ ಇತ್ತು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. 2008ರಲ್ಲಿ ಕಂಪನಿಯ ಷೇರುಗಳ ಸಂಖ್ಯೆ ಸುಮಾರು 150 ಕೋಟಿ. 2024ರಲ್ಲಿ ಅದು 1,350 ಕೋಟಿ ದಾಟಿತ್ತು. ಸಾಲ ತೀರಿಸಲು ಹೊಸ ಷೇರು ಹಂಚಿದಂತೆಲ್ಲ ಹಳೆಯ ಷೇರುದಾರನ ಪಾಲು ಕಿರಿದಾಗುತ್ತದೆ. ಒಂದೇ ಹೋಳಿಗೆಯನ್ನು ಒಂಬತ್ತು ಪಟ್ಟು ಹೆಚ್ಚು ಜನರಿಗೆ ಹಂಚಿದರೆ ತುಂಡು ಎಷ್ಟಾದೀತು? ಆದ್ದರಿಂದ ಹಳೆಯ ಬೆಲೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಜೆನ್‌ಸಾಲ್: ಹೆಸರಿಗೆ ಹಸಿರು

ಸೌರ ಘಟಕಗಳನ್ನು ಕಟ್ಟಿಕೊಡುತ್ತಿದ್ದ ಜೆನ್‌ಸಾಲ್ ಎಂಜಿನಿಯರಿಂಗ್ ಕಂಪನಿಯ ಷೇರು 2024ರ ಫೆಬ್ರವರಿಯಲ್ಲಿ 1,100 ರೂಪಾಯಿ ದಾಟಿತ್ತು. 2025ರ ಏಪ್ರಿಲ್ 15ರಂದು ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಅದರ ಮೇಲೆ ಮಧ್ಯಂತರ ಆದೇಶ ಹೊರಡಿಸಿತು. ಆ ಆದೇಶದ ಪ್ರಕಾರ, 6,400 ವಿದ್ಯುತ್ ವಾಹನ ಕೊಳ್ಳಲೆಂದು ಸರ್ಕಾರಿ ಸಾಲಸಂಸ್ಥೆಗಳಿಂದ 664 ಕೋಟಿ ರೂಪಾಯಿ ಪಡೆದಿದ್ದರೂ ಕೊಂಡದ್ದು 4,704 ವಾಹನ ಮಾತ್ರ. ಕಂಪನಿಯು ಹಾಕಬೇಕಿದ್ದ ಪಾಲನ್ನೂ ಸೇರಿಸಿದರೆ ಸುಮಾರು 262 ಕೋಟಿ ರೂಪಾಯಿಗೆ ಲೆಕ್ಕ ಸಿಗಲಿಲ್ಲ. ಸಾಲದ ಹಣದ ಒಂದು ಭಾಗ ಐಷಾರಾಮಿ ಮನೆಯ ಖರೀದಿಗೆ ಹೋಗಿದೆ ಎಂದೂ ಆದೇಶ ಹೇಳಿತು. ಷೇರಿನ ಬೆಲೆ ಆ ವೇಳೆಗಾಗಲೇ ಹತ್ತನೇ ಒಂದು ಭಾಗದ ಹತ್ತಿರಕ್ಕೆ ಬಂದಿತ್ತು. ಆಗ ಒಂದು ಲಕ್ಷಕ್ಕೂ ಹೆಚ್ಚು ಜನ ಸಾಮಾನ್ಯರು ಅದರ ಷೇರುದಾರರಾಗಿದ್ದರು.

ಎಚ್ಚರಿಕೆಯ ಗಂಟೆ ಮೊದಲೇ ಬಾರಿಸಿತ್ತು. ಮಾರ್ಚ್ ಮೊದಲ ವಾರದಲ್ಲೇ ಎರಡು ರೇಟಿಂಗ್ ಸಂಸ್ಥೆಗಳು ಕಂಪನಿಯ ಸಾಲದ ರೇಟಿಂಗನ್ನು ತೀರಾ ಕೆಳಗಿನ ‘ಡಿ’ ದರ್ಜೆಗೆ ಇಳಿಸಿದ್ದವು. ‘ಡಿ’ ಎಂದರೆ ಕಂತು ತಪ್ಪಿದೆ ಎಂದರ್ಥ. ಅದಾದ ಮೇಲೆ ಕಂಪನಿ ಒಂದು ಷೇರನ್ನು ಹತ್ತಾಗಿ ಒಡೆಯುವ ಯೋಜನೆ ಪ್ರಕಟಿಸಿತು. ಷೇರು ಒಡೆದರೆ ಸಂಖ್ಯೆ ಹೆಚ್ಚುತ್ತದೆ, ಒಟ್ಟು ಮೌಲ್ಯ ಹೆಚ್ಚುವುದಿಲ್ಲ. ನೂರರ ನೋಟು ಕೊಟ್ಟು ಹತ್ತರ ಹತ್ತು ನೋಟು ಪಡೆದಂತೆ ಅಷ್ಟೆ. ಸೆಬಿ ಅದನ್ನೂ ತಡೆಹಿಡಿಯಿತು.

ಹೂಡಿಕೆ ಎಲ್ಲಿ ಮುಗಿದು ಸಟ್ಟಾ ಎಲ್ಲಿ ಶುರುವಾಗುತ್ತದೆ?

ಕಂಪನಿ ಏನು ಮಾಡುತ್ತದೆ, ಎಷ್ಟು ಗಳಿಸುತ್ತದೆ, ಸಾಲವೆಷ್ಟು ಎಂದು ತಿಳಿದು, ಅದರ ಗಳಿಕೆಯಲ್ಲಿ ಪಾಲು ಬಯಸಿ ವರ್ಷಗಟ್ಟಲೆ ಹಣ ಇಡುವುದು ಹೂಡಿಕೆ. ನಾಳೆ ಇನ್ನೊಬ್ಬರು ಹೆಚ್ಚು ಬೆಲೆಗೆ ಕೊಳ್ಳುತ್ತಾರೆ ಎಂಬ ಒಂದೇ ಆಸೆಯಿಂದ ಕೊಳ್ಳುವುದು ಸಟ್ಟಾ. ಬೆಳಿಗ್ಗೆ ಕೊಂಡು ಸಂಜೆ ಮಾರುವ ವ್ಯವಹಾರವನ್ನು ಆದಾಯ ತೆರಿಗೆ ಕಾನೂನೇ ಸಟ್ಟಾ ವ್ಯವಹಾರ ಎಂದು ಪ್ರತ್ಯೇಕವಾಗಿ ಗುರುತಿಸುತ್ತದೆ. ಅದರ ನಷ್ಟವನ್ನು ಅಂಗಡಿಯ ಲಾಭದಲ್ಲಿ ಕಳೆದು ತೋರಿಸಲು ಬರುವುದಿಲ್ಲ.

ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರದ ಬಗ್ಗೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ವೈಯಕ್ತಿಕವಾಗಿ ವ್ಯವಹಾರ ಮಾಡಿದವರಲ್ಲಿ ಶೇಕಡಾ 93ರಷ್ಟು ಜನ ಹಣ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು.

ಶ್ರಾವಕಾಚಾರದ ಅಳತೆಗೋಲು

ಸಪ್ತವ್ಯಸನಗಳಲ್ಲಿ ಮೊದಲನೆಯದು ದ್ಯೂತ ಎಂಬುದು ಜೈನ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಷೇರು ಕೊಳ್ಳುವುದೆಲ್ಲ ದ್ಯೂತವಲ್ಲ. ಆದರೆ ಎಲ್ಲಿ ಗೆರೆ ಎಳೆಯಬೇಕು ಎಂಬುದಕ್ಕೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಒಳ್ಳೆಯ ಅಳತೆಗೋಲಿದೆ. ಪರಿಗ್ರಹ ಪರಿಮಾಣ ವ್ರತಕ್ಕೆ ಅಲ್ಲಿ ಐದು ಅತಿಚಾರಗಳನ್ನು ಹೇಳಿದೆ: ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ.

ಇವನ್ನು ಇಂದಿನ ಷೇರು ವ್ಯವಹಾರಕ್ಕೆ ಹೊಂದಿಸಿ ನೋಡಬಹುದು. ಲಾಭದಾಸೆಗೆ ಎತ್ತುಗಳನ್ನು ಶಕ್ತಿ ಮೀರಿ ಓಡಿಸಿದಂತೆ ದಿನವಿಡೀ ಕೊಂಡು ಮಾರುತ್ತಿರುವುದು ಅತಿವಾಹನ. ಬೆಲೆ ಏರುತ್ತದೆಂದು ಇದ್ದ ಹಣವನ್ನೆಲ್ಲ ಒಂದೇ ಷೇರಿನಲ್ಲಿ ಪೇರಿಸುವುದು ಅತಿಸಂಗ್ರಹ. ಲಾಭಕ್ಕೇ ಮಾರಿದ್ದರೂ ಪಕ್ಕದವರಿಗೆ ಇನ್ನೂ ಹೆಚ್ಚು ಬಂತಲ್ಲ ಎಂದು ಕೊರಗುವುದು ಅತಿವಿಸ್ಮಯ. ಸಾಕಷ್ಟು ಬಂದ ಮೇಲೂ ಇನ್ನಷ್ಟಕ್ಕೆ ಕಾಯುವುದು ಅತಿಲೋಭ. ಸಾಲ ತಂದು, ಒಡವೆ ಅಡವಿಟ್ಟು ಷೇರು ಕೊಳ್ಳುವುದು ಅತಿಭಾರವಹನ, ಹೊರಲಾರದ ಹೊರೆ. ಹಣ ಕಳೆದುಕೊಂಡವರ ಲೆಕ್ಕ ತೆಗೆದರೆ ಈ ಐದರಲ್ಲಿ ಒಂದಾದರೂ ಸಿಕ್ಕೇ ಸಿಗುತ್ತದೆ.

ಪರಿಮಾಣ ಎಂದರೆ ಮೊದಲೇ ಗೊತ್ತುಮಾಡಿಕೊಂಡ ಮಿತಿ. ಷೇರಿಗೆ ಇಷ್ಟೇ ಹಣ, ಇದು ಪೂರ್ತಿ ಹೋದರೂ ಮಗಳ ಮದುವೆ, ಮಗನ ಓದು, ಅಂಗಡಿಯ ಬಂಡವಾಳ ನಿಲ್ಲುವುದಿಲ್ಲ ಎಂಬ ಮಿತಿಯನ್ನು ಕೊಳ್ಳುವ ಮುನ್ನವೇ ಬರೆದಿಡಬೇಕು. ಬೆಲೆ ಏರುವಾಗ ಮಿತಿ ಗೊತ್ತುಮಾಡುವ ಸಮಾಧಾನ ಯಾರಿಗೂ ಇರುವುದಿಲ್ಲ.

ಕೊಳ್ಳುವ ಮುನ್ನ ನೋಡಬೇಕಾದವು

1. ಲಾಭ: ಕಳೆದ ಮೂರ್ನಾಲ್ಕು ವರ್ಷ ಕಂಪನಿಗೆ ನಿಜವಾದ ಲಾಭ ಬಂದಿದೆಯೇ, ಇಲ್ಲವೇ ಮುಂದೆ ಬರುತ್ತದೆ ಎಂಬ ಮಾತು ಮಾತ್ರ ಇದೆಯೇ?

2. ಸಾಲ ಮತ್ತು ರೇಟಿಂಗ್: ಸಾಲದ ರೇಟಿಂಗ್ ಇಳಿದಿದ್ದರೆ ಅದೇ ಮೊದಲ ಎಚ್ಚರಿಕೆ. ರೇಟಿಂಗ್ ಸಂಸ್ಥೆಗಳ ಜಾಲತಾಣದಲ್ಲಿ ಇದು ಉಚಿತವಾಗಿ ಸಿಗುತ್ತದೆ.

3. ಪ್ರವರ್ತಕರ ಷೇರು: ಮೂರು ತಿಂಗಳಿಗೊಮ್ಮೆ ಪ್ರಕಟವಾಗುವ ಷೇರುದಾರರ ವಿವರದಲ್ಲಿ ಪ್ರವರ್ತಕರು ತಮ್ಮ ಷೇರನ್ನು ಅಡವಿಟ್ಟಿದ್ದಾರೆಯೇ, ಮಾರುತ್ತಿದ್ದಾರೆಯೇ ಎಂದು ನೋಡಬೇಕು.

4. ಬೆಲೆ: ಒಳ್ಳೆಯ ಕಂಪನಿಗೂ ಅತಿಯಾದ ಬೆಲೆ ಕೊಡಬಾರದು. ಸರ್ಕಾರಿ ಸಂಸ್ಥೆ ಇರೇಡಾದ ಷೇರು 2023ರ ನವೆಂಬರ್‌ನಲ್ಲಿ 32 ರೂಪಾಯಿಗೆ ಹಂಚಿಕೆಯಾಯಿತು, 2024ರ ಜುಲೈನಲ್ಲಿ 310 ಮುಟ್ಟಿತು, 2025ರ ಮಾರ್ಚ್‌ನಲ್ಲಿ ಅದರ ಅರ್ಧಕ್ಕಿಂತ ಕೆಳಗೆ ಬಂದಿತ್ತು. 32ಕ್ಕೆ ಪಡೆದವರಿಗೆ ಆಗಲೂ ಲಾಭವೇ, 300ಕ್ಕೆ ಕೊಂಡವರಿಗೆ ಅರ್ಧ ಹಣ ಹೋಯಿತು. ಕಂಪನಿ ಒಂದೇ, ಕೊಂಡ ಬೆಲೆ ಬೇರೆ.

5. ಸಲಹೆ ಯಾರದು: ಸಲಹೆ ಕೊಡುವವರು ಸೆಬಿಯಲ್ಲಿ ನೋಂದಾಯಿತರೇ ಎಂದು ಸೆಬಿಯ ಜಾಲತಾಣದಲ್ಲಿ ಪರೀಕ್ಷಿಸಬಹುದು. ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪಿನಲ್ಲಿ ಖಚಿತ ಲಾಭದ ಭರವಸೆ ಕೊಟ್ಟು ಬೇರೆ ಆ್ಯಪ್‌ಗೆ ಹಣ ಹಾಕಿಸುವವರು ವಂಚಕರು. ಹಾಗೆ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

6. ಮನೆಯವರಿಗೆ ಗೊತ್ತೇ: ಹೆಂಡತಿಗೆ, ತಂದೆಗೆ, ಅಣ್ಣ ತಮ್ಮಂದಿರಿಗೆ ಹೇಳಲಾಗದ ಹೂಡಿಕೆ ಅಲ್ಲಿಗೇ ನಿಲ್ಲಲಿ. ಡಿಮ್ಯಾಟ್ ಖಾತೆಗೆ ನಾಮಿನಿ ಹೆಸರು ಬರೆಸಿರಬೇಕು.

ಸೌರಶಕ್ತಿಯ ಮೇಲೆ ನಂಬಿಕೆಯಿದ್ದು ಷೇರಿನ ಏರಿಳಿತ ಬೇಡ ಎನ್ನುವವರಿಗೆ ಮನೆಯ ಮಾಳಿಗೆಯೇ ಇದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗಳಿಗೆ 3 ಕಿಲೋವಾಟ್ ಅಥವಾ ಹೆಚ್ಚಿನ ಘಟಕಕ್ಕೆ 78,000 ರೂಪಾಯಿವರೆಗೆ ಸಹಾಯಧನವಿದೆ. ಅದರಿಂದ ಬರುವ ಲಾಭ ಚಿಕ್ಕದು, ಆದರೆ ತಿಂಗಳ ಕರೆಂಟ್ ಬಿಲ್ಲಿನಲ್ಲಿ ಕಣ್ಣಿಗೆ ಕಾಣುವಂಥದು.

ಪಾವಗಡದ ರೈತರು ಜಮೀನು ಕೊಡುವ ಮುನ್ನ ಎಕರೆಗೆ ಎಷ್ಟು, ಎಷ್ಟು ವರ್ಷಕ್ಕೆ, ಏರಿಕೆ ಎಷ್ಟು, ಕೊಡುವವರು ಯಾರು ಎಂದು ಕೇಳಿ ಸಹಿ ಹಾಕಿದರು. ಷೇರು ಕೊಳ್ಳುವವರು ತಮ್ಮ ದುಡಿಮೆಯ ಹಣದ ಬಗ್ಗೆ ಅಷ್ಟು ಪ್ರಶ್ನೆಗಳನ್ನಾದರೂ ಕೇಳಬೇಕು. ಉತ್ತರ ಸಿಗದಿದ್ದರೆ ಆ ಷೇರನ್ನು ಬಿಡುವುದೇ ಲೇಸು.