ಮೂವರು ಗೆಳೆಯರು, ಹದಿಮೂರು ದಿನಗಳು



ನಿಮ್ಮೂರಿನ ಪೇಟೆಬೀದಿಯಲ್ಲಿ ನೀವು ದಿನವೂ ಓಡಾಡುತ್ತೀರಿ. ಬಸ್ಸು ತಪ್ಪೀತೆಂಬ ಆತುರ, ಪರೀಕ್ಷೆಯ ಚಿಂತೆ, ಜೊತೆಗಾರರ ಮಾತು, ಇವುಗಳ ನಡುವೆ ಬೀದಿ ಹಿಂದೆ ಸರಿದುಹೋಗುತ್ತದೆ. ಈಗ ಕಣ್ಣುಮುಚ್ಚಿ ಯೋಚಿಸಿ. ಆ ಬೀದಿಯ ಮೂಲೆಯಂಗಡಿಯ ಗೋಡೆಗೆ ಯಾವ ಬಣ್ಣ ಬಳಿದಿದೆ? ಸಂಜೆ ಐದು ಗಂಟೆಗೆ ಅದರ ನೆರಳು ಯಾವ ಕಡೆ ಬೀಳುತ್ತದೆ? ನಮ್ಮಲ್ಲಿ ಹೆಚ್ಚಿನವರಿಗೆ ಉತ್ತರ ಹೊಳೆಯುವುದಿಲ್ಲ. ದಿನವೂ ಕಣ್ಣಿಗೆ ಬಿದ್ದರೂ ನಾವು ಅದನ್ನು ಕಂಡಿರುವುದಿಲ್ಲ.

ಕಲಾವಿದನೊಬ್ಬ ಹೊಸ ಊರಿಗೆ ಹೋಗಿ, ಗೆಳೆಯರೊಡನೆ ಬೀದಿ ಸುತ್ತಿ, ಕಾಣುವುದನ್ನು ಕಲಿತ ಒಂದು ಪ್ರಸಂಗವನ್ನು ಇಲ್ಲಿ ನೋಡೋಣ. ಪರದೆಯ ಮೇಲೆ ಚಿತ್ರಗಳು ಕ್ಷಣಕಾಲ ಬಂದು ಮರೆಯಾಗುತ್ತವೆ. ಪುಟದ ಮೇಲಾದರೆ ಅವುಗಳ ಹಿಂದಿನ ಕಥೆಯನ್ನು ನಿಧಾನವಾಗಿ ತಿಳಿಯಬಹುದು.

ಯಾರು ಈ ಮೂವರು?

ಪಾಲ್ ಕ್ಲೇ 1879ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಹತ್ತಿರ ಹುಟ್ಟಿದ. ತಂದೆ ಸಂಗೀತದ ಅಧ್ಯಾಪಕರು. ಕ್ಲೇ ಕೂಡ ವಾದ್ಯವೃಂದದಲ್ಲಿ ನುಡಿಸುವಷ್ಟು ಒಳ್ಳೆಯ ಪಿಟೀಲುವಾದಕ. ಆದರೂ ಚಿತ್ರಕಲೆಯನ್ನು ಆರಿಸಿಕೊಂಡು ಜರ್ಮನಿಯ ಮ್ಯೂನಿಕ್ ನಗರದಲ್ಲಿ ನೆಲೆಸಿದ. ಚಿತ್ರಗಳು ಹೆಚ್ಚು ಮಾರಾಟವಾಗುತ್ತಿರಲಿಲ್ಲ. ಪತ್ನಿ ಲಿಲಿ ಪಿಯಾನೋ ಪಾಠ ಹೇಳಿ ಸಂಸಾರ ನಡೆಸುತ್ತಿದ್ದರು. ಕ್ಲೇ ಮನೆಯಲ್ಲಿ ಅಡಿಗೆ ಮಾಡಿ, ಮಗನನ್ನು ನೋಡಿಕೊಂಡು, ಉಳಿದ ಹೊತ್ತಿನಲ್ಲಿ ಚಿತ್ರ ಬರೆಯುತ್ತಿದ್ದ. ಅಲ್ಲಿಯವರೆಗಿನ ಅವನ ಕೆಲಸ ಬಹುಪಾಲು ಕಪ್ಪು ಬಿಳುಪಿನ ರೇಖೆಯದು. ರೇಖೆಯ ಮೇಲೆ ಹಿಡಿತವಿತ್ತು, ಬಣ್ಣ ಮಾತ್ರ ಕೈಗೆ ಒಗ್ಗಿರಲಿಲ್ಲ. ಮೂವತ್ತನಾಲ್ಕರ ವಯಸ್ಸಿನಲ್ಲಿ ಇದು ಅವನನ್ನು ಕಾಡುತ್ತಿದ್ದ ಕೊರತೆ.

ಆಗಸ್ಟ್ ಮಾಕೆ 1887ರಲ್ಲಿ ಜರ್ಮನಿಯಲ್ಲಿ ಹುಟ್ಟಿದವನು, ಕ್ಲೇಗಿಂತ ಏಳು ವರ್ಷ ಕಿರಿಯ. ಬಣ್ಣವೆಂದರೆ ಅವನಿಗೆ ನೀರು ಕುಡಿದಷ್ಟು ಸುಲಭ. ಅಂಗಡಿಯ ಕಿಟಕಿ, ಟೋಪಿ ಧರಿಸಿದ ಹೆಂಗಸರು, ಉದ್ಯಾನದಲ್ಲಿ ಅಡ್ಡಾಡುವ ಜನ, ಹೀಗೆ ನಗರದ ನಿತ್ಯಜೀವನವೇ ಅವನ ವಸ್ತು.

ಮೂರನೆಯವನು ಲೂಯಿ ಮೊಯಿಯೆ. ಬರ್ನ್ ನಗರದಲ್ಲಿ ಕ್ಲೇಯ ಶಾಲಾ ಗೆಳೆಯ. 1911ರಲ್ಲಿ ಕ್ಲೇ ಮತ್ತು ಮಾಕೆಯ ಪರಿಚಯ ಮಾಡಿಸಿದವನು ಇವನೇ. ಹಿಂದೆಯೇ ಉತ್ತರ ಆಫ್ರಿಕಾದ ಟ್ಯೂನಿಸ್ ನಗರವನ್ನು ನೋಡಿ ಬಂದಿದ್ದ. ಅಲ್ಲಿ ಅವನಿಗೆ ಸ್ವಿಸ್ ವೈದ್ಯರೊಬ್ಬರ ಪರಿಚಯವಿತ್ತು. ಮೂವರೂ ಸೇರಿ ಅಲ್ಲಿಗೆ ಹೋಗೋಣವೆಂಬ ಮಾತು ಎದ್ದಾಗ ಕ್ಲೇಯ ಬಳಿ ಹಣವಿರಲಿಲ್ಲ. ಬರ್ನ್‌ನ ಔಷಧ ವ್ಯಾಪಾರಿಯೊಬ್ಬರು, ಮುಂದೆ ಚಿತ್ರಗಳನ್ನು ಪಡೆಯುವ ಒಪ್ಪಂದದ ಮೇಲೆ ಅವನ ಖರ್ಚಿಗೆ ಹಣ ಕೊಟ್ಟರು. ಇನ್ನೂ ಬರೆಯದ ಚಿತ್ರಗಳ ಸಾಲದ ಮೇಲೆ ಕ್ಲೇ ಪ್ರಯಾಣ ಹೊರಟ.

ಹಡಗಿನಿಂದ ಬೀದಿಗೆ

1914ರ ಏಪ್ರಿಲ್ 6ರಂದು ಫ್ರಾನ್ಸಿನ ಮಾರ್ಸೇಲ್ ಬಂದರಿನಲ್ಲಿ ಮೂವರೂ 'ಕಾರ್ಥೇಜ್' ಎಂಬ ಹಡಗು ಹತ್ತಿದರು. ಮರುದಿನ ಟ್ಯೂನಿಸ್ ತಲುಪಿದರು. ಕ್ಲೇ ವೈದ್ಯರ ಮನೆಯಲ್ಲಿ ತಂಗಿದ, ಮಾಕೆ ಹೋಟೆಲಿನಲ್ಲಿ ಇಳಿದುಕೊಂಡ.

ಆಗ ಟ್ಯೂನಿಸ್ ಒಂದೇ ಹೆಸರಿನ ಎರಡು ಊರುಗಳಂತೆ ಇತ್ತು. ಒಂದು, ಫ್ರೆಂಚರು ಕಟ್ಟಿಸಿದ ನೇರ ರಸ್ತೆಗಳ ಹೊಸ ಪೇಟೆ. ಇನ್ನೊಂದು, 'ಮೆದೀನಾ' ಎಂದು ಕರೆಯುವ ಹಳೆಯ ಅರಬ್ ನಗರ. ಇಕ್ಕಟ್ಟಾದ ಓಣಿಗಳು, ಸುಣ್ಣ ಬಳಿದ ಗೋಡೆಗಳು, ಚಪ್ಪಟೆ ಮಾಳಿಗೆಗಳು, ನಡುವೆ ಜೈತೂನಾ ಎಂಬ ಪ್ರಾಚೀನ ಮಸೀದಿ, ಅದರ ಸುತ್ತ ಒಂದೊಂದು ಕಸುಬಿಗೆ ಒಂದೊಂದು ಸಾಲು ಎಂಬಂತೆ ಮುಚ್ಚುಚಾವಣಿಯ ಸಂತೆಬೀದಿಗಳು. ಈ ಮೆದೀನಾವನ್ನು ಯುನೆಸ್ಕೊ 1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಗೆಳೆಯರು ಬಂದ ಕೂಡಲೇ ಕೆಲಸಕ್ಕೆ ತೊಡಗಿದರು. ಜಲವರ್ಣದ ಪೆಟ್ಟಿಗೆ, ಕಾಗದ, ಪೆನ್ಸಿಲ್ ಇದ್ದರೆ ಸಾಕಾಗಿತ್ತು. ತೈಲವರ್ಣ ಒಣಗಲು ದಿನಗಳೇ ಬೇಕು. ಜಲವರ್ಣ ಆ ಒಣ ಹವೆಯಲ್ಲಿ ಬೇಗನೆ ಆರುತ್ತದೆ. ಬೀದಿ ಬೀದಿ ಅಲೆಯುವವನಿಗೆ ಅದೇ ಅನುಕೂಲ. ಮಾಕೆ ಜೊತೆಗೆ ಕ್ಯಾಮೆರಾವನ್ನೂ ಒಯ್ದಿದ್ದ. ಒಂದೇ ದಿನದಲ್ಲಿ 50 ರೇಖಾಚಿತ್ರ ಮಾಡಿದ್ದಾಗಿ ಅವನು ಪತ್ನಿಗೆ ಪತ್ರ ಬರೆದ. ಮಾಕೆಯ ಕಣ್ಣು ಸಂತೆಯ ಗಿರಾಕಿಗಳ ಕಡೆ, ಕತ್ತೆಯ ಮೇಲೆ ಕುಳಿತು ಹೋಗುವವರ ಕಡೆ, ಕಾಫಿ ಅಂಗಡಿಯ ಜಗಲಿಯ ಕಡೆ ಹರಿಯುತ್ತಿತ್ತು. ಕ್ಲೇಯ ಗಮನ ಮನೆಗಳು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ರೀತಿಯ ಮೇಲೆ ನಿಂತಿತು. ಊರು ಕಟ್ಟಿರುವ ಕ್ರಮವನ್ನೂ ಚಿತ್ರ ಕಟ್ಟುವ ಕ್ರಮವನ್ನೂ ಹೇಗೆ ಒಂದುಗೂಡಿಸುವುದು ಎಂಬುದೇ ತನ್ನ ಮುಂದಿನ ಪ್ರಶ್ನೆ ಎಂದು ಅವನು ದಿನಚರಿಯಲ್ಲಿ ಗುರುತು ಹಾಕಿಕೊಂಡ.

ಈಸ್ಟರ್ ಹಬ್ಬಕ್ಕೆ ಅವರು ಕಡಲತೀರದ ಸೇಂಟ್ ಜರ್ಮೇನ್ ಎಂಬಲ್ಲಿ ವೈದ್ಯರ ಹಳ್ಳಿಮನೆಗೆ ಹೋದರು. ಅಲ್ಲಿನ ಊಟದ ಕೋಣೆಯ ಗೋಡೆಯ ಮೇಲೇ ಮಾಕೆ ದೊಡ್ಡದೊಂದು ಚಿತ್ರ ಬರೆದ. ಕ್ಲೇ ಮೂಲೆಯಲ್ಲಿ ಚಿಕ್ಕವೆರಡನ್ನು ಬರೆದು ಸುಮ್ಮನಾದ. ಇಬ್ಬರ ಸ್ವಭಾವವೂ ಇಷ್ಟರಲ್ಲೇ ತಿಳಿಯುತ್ತದೆ. ಅನಂತರ ಗುಡ್ಡದ ಮೇಲಿನ ಸಿದಿ ಬೂ ಸಯೀದ್, ಸಮುದ್ರದಂಚಿನ ಹಮ್ಮಾಮೆಟ್, ಅಲ್ಲಿಂದ ರೈಲಿನಲ್ಲಿ ಒಳನಾಡಿನ ಕೈರುವಾನ್ ನಗರಕ್ಕೆ ಹೋದರು.

ಕೈರುವಾನ್‌ನಲ್ಲಿ ನಡೆದದ್ದೇನು?

ಕೈರುವಾನ್ ಏಳನೆಯ ಶತಮಾನದಲ್ಲಿ ಸ್ಥಾಪನೆಯಾದ ನಗರ. ದೊಡ್ಡ ಮಸೀದಿಗೂ ರತ್ನಗಂಬಳಿಗಳಿಗೂ ಹೆಸರಾದದ್ದು. ಏಪ್ರಿಲ್ 16ರ ಸಂಜೆ ಅಲ್ಲಿ ಕ್ಲೇಗೆ ಒಂದು ಅನುಭವವಾಯಿತು. ತಾನಿನ್ನು ಬಣ್ಣದ ಬೆನ್ನುಹತ್ತಬೇಕಾಗಿಲ್ಲ, ಬಣ್ಣವೇ ತನ್ನನ್ನು ಹಿಡಿದಿದೆ, ತಾನೊಬ್ಬ ವರ್ಣಚಿತ್ರಕಾರ ಎಂಬರ್ಥದ ಮಾತು ಅವನ ದಿನಚರಿಯಲ್ಲಿದೆ. ಕಲೆಯ ಇತಿಹಾಸದಲ್ಲಿ ಇದು ಬಹಳ ಪ್ರಸಿದ್ಧವಾದ ದಿನ.

ಆದರೆ ಇಲ್ಲಿ ಸ್ವಲ್ಪ ಎಚ್ಚರ ಬೇಕು. ಕ್ಲೇ ತನ್ನ ದಿನಚರಿಯನ್ನು ಮುಂದೆ ಹಲವು ವರ್ಷಗಳ ನಂತರ ತಿದ್ದಿ, ಪ್ರತಿ ಮಾಡಿಕೊಂಡಿದ್ದ. ಹಾಗಾಗಿ ಆ ಮಾತು ಅಂದಿನ ಸಂಜೆ ಬರೆದದ್ದೋ, ನೆನಪು ಹರಳುಗಟ್ಟಿದ ಮೇಲೆ ಮೂಡಿದ್ದೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಮಿಂಚು ಹೊಡೆದಂತೆ ಒಂದೇ ಸಂಜೆಯಲ್ಲಿ ಎಲ್ಲವೂ ಬದಲಾಯಿತು ಎಂದು ನಂಬುವುದು ಸುಲಭ. ಅದರ ಹಿಂದೆ ದೀರ್ಘ ಸಿದ್ಧತೆ ಇತ್ತು. ಪ್ಯಾರಿಸ್ಸಿನ ಕಲಾವಿದ ರೋಬರ್ ಡೆಲೋನೆ ಬೆಳಕಿನ ಬಗೆಗೆ ಬರೆದ ಲೇಖನವನ್ನು ಕ್ಲೇ ಜರ್ಮನ್ ಭಾಷೆಗೆ ಅನುವಾದಿಸಿದ್ದ. ಅದು 1913ರಲ್ಲಿ ಅಚ್ಚಾಗಿತ್ತು. ಬಣ್ಣಗಳು ತಮ್ಮತಮ್ಮೊಳಗೆ ವರ್ತಿಸುವ ರೀತಿಯಿಂದಲೇ ಚಿತ್ರ ಕಟ್ಟಬಹುದು ಎಂಬುದು ಡೆಲೋನೆಯ ವಿಚಾರ. ಕ್ಲೇಯ ತಲೆಗೆ ಅದು ತಿಳಿದಿತ್ತು. ಟ್ಯುನೀಸಿಯಾದ ಬೆಳಕಿನಲ್ಲಿ ಕೈಗೂ ತಿಳಿಯಿತು.

ಬಣ್ಣದ ನೆರೆಹೊರೆ

ಬಣ್ಣಗಳ ವರ್ತನೆ ಎಂದರೇನು? ಹತ್ತೊಂಬತ್ತನೆಯ ಶತಮಾನದಲ್ಲಿ ಶೆವ್ರಲ್ ಎಂಬ ರಸಾಯನವಿಜ್ಞಾನಿ ಪ್ಯಾರಿಸ್ಸಿನ ಗೊಬ್ಲೆ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ. ಅಲ್ಲಿನ ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬಂತು. ಪರೀಕ್ಷಿಸಿದಾಗ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೇಯ್ದ ನೂಲಿನ ಬಣ್ಣದಿಂದಾಗಿ ಕಪ್ಪು ಹಾಗೆ ಕಾಣುತ್ತಿತ್ತು. ಒಂದು ಬಣ್ಣ ತನ್ನ ನೆರೆಯ ಬಣ್ಣವನ್ನು ನಮ್ಮ ಕಣ್ಣಿನಲ್ಲಿ ಬದಲಾಯಿಸುತ್ತದೆ ಎಂಬ ಈ ನಿಯಮವನ್ನು ಅವನು 1839ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ.

ನೀವೇ ಪರೀಕ್ಷಿಸಬಹುದು. ಬೂದುಬಣ್ಣದ ಕಾಗದದಿಂದ ಒಂದೇ ಅಳತೆಯ ಎರಡು ಚೌಕ ಕತ್ತರಿಸಿ. ಒಂದನ್ನು ಕೆಂಪು ಹಾಳೆಯ ಮೇಲೆ, ಇನ್ನೊಂದನ್ನು ಹಸಿರು ಹಾಳೆಯ ಮೇಲೆ ಇಡಿ. ಕೆಂಪಿನ ಮೇಲಿನ ಬೂದು ತುಸು ಹಸಿರಾಗಿಯೂ, ಹಸಿರಿನ ಮೇಲಿನದು ತುಸು ಕೆಂಪಾಗಿಯೂ ತೋರುತ್ತದೆ. ನಮ್ಮ ಇಳಕಲ್ ಸೀರೆಯಲ್ಲಿ ಕಡುಬಣ್ಣದ ಒಡಲಿನ ಪಕ್ಕ ಕೆಂಪು ಸೆರಗು ಅಷ್ಟು ಎದ್ದು ಕಾಣುವುದರಲ್ಲಿಯೂ ಈ ನೆರೆಹೊರೆಯ ಪಾಲಿದೆ. ನೇಕಾರರಿಗೆ ಇದು ಪುಸ್ತಕವಿಲ್ಲದೆಯೇ ಗೊತ್ತಿತ್ತು.

ಈಗ ಕ್ಲೇಯ 'ಹಮ್ಮಾಮೆಟ್ ಮತ್ತು ಅದರ ಮಸೀದಿ' ಎಂಬ 1914ರ ಜಲವರ್ಣವನ್ನು ಗಮನಿಸಿ. ಇದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಚಿತ್ರದ ಮೇಲ್ಭಾಗದಲ್ಲಿ ಮಸೀದಿ, ಗೋಪುರ, ತೋಟ, ಇವನ್ನು ಗುರುತಿಸಬಹುದು. ಕೆಳಕ್ಕೆ ಬಂದಂತೆ ವಸ್ತುಗಳು ಕರಗಿ, ತೆಳುವಾದ ಬಣ್ಣದ ತುಂಡುಗಳಷ್ಟೇ ಉಳಿಯುತ್ತವೆ. ಮೇಲೆ ಊರಿದೆ, ಕೆಳಗೆ ಊರಿನ ಬಣ್ಣವಿದೆ. ಮನೆಯ ಗೋಡೆ ಕಾಗದದ ಮೇಲೆ ಒಂದು ಚೌಕವಾದ ಗಳಿಗೆಯನ್ನು ನಾವು ಅಲ್ಲಿ ಕಾಣುತ್ತೇವೆ. ಮುಂದೆ ಕ್ಲೇ ಬರೆದ ಅನೇಕ ಚೌಕುಳಿ ಚಿತ್ರಗಳ ಬೇರು ಇಲ್ಲಿದೆ.

ಅವರು ಕಾಣದೆ ಹೋದದ್ದು

ಮಿತ್ರರೇ, ಈ ಪ್ರವಾಸವನ್ನು ಬರೀ ಹೊಗಳಿ ಮುಗಿಸುವುದು ಸರಿಯಲ್ಲ. ಟ್ಯುನೀಸಿಯಾ 1881ರಿಂದ ಫ್ರೆಂಚರ ಆಧೀನದಲ್ಲಿತ್ತು, ಸ್ವತಂತ್ರವಾದದ್ದು 1956ರಲ್ಲಿ. ನಮ್ಮ ದೇಶದಂತೆಯೇ ಅದೂ ಪರಾಧೀನ ನಾಡು. ಮೂವರು ಗೆಳೆಯರು ಅಲ್ಲಿನ ಯುರೋಪಿಯನ್ನರ ಆತಿಥ್ಯದಲ್ಲಿ ಸುತ್ತಾಡಿದರು. ಅವರಿಗೆ ಅರಬ್ಬೀ ಭಾಷೆ ಬಾರದು. ಮಾಕೆ ಊರಿಗೆ ಮರಳಿದ ಮೇಲೆ ಬರೆದ 'ಟರ್ಕಿಶ್ ಕಾಫಿ ಅಂಗಡಿ' ಎಂಬ ತೈಲಚಿತ್ರದಲ್ಲಿ ಗಾಢವರ್ಣದ ಫಲಕಗಳ ನಡುವೆ ಒಬ್ಬ ವ್ಯಕ್ತಿ ಕುಳಿತಿದ್ದಾನೆ. ಅವನ ಮುಖದಲ್ಲಿ ವಿವರಗಳಿಲ್ಲ. ಅವನ ಹೆಸರೇನು, ಕಸುಬೇನು, ತನ್ನ ನಾಡಿನ ಸ್ಥಿತಿಯ ಬಗ್ಗೆ ಅವನ ಮನಸ್ಸಿನಲ್ಲೇನಿತ್ತು, ಚಿತ್ರ ಹೇಳುವುದಿಲ್ಲ. ಬಣ್ಣವನ್ನು ಅಷ್ಟು ಸೂಕ್ಷ್ಮವಾಗಿ ಕಂಡವರು ಮನುಷ್ಯನನ್ನು ಪೂರ್ತಿ ಕಾಣಲಿಲ್ಲ. ಚಿತ್ರವನ್ನು ಮೆಚ್ಚುತ್ತಲೇ ಈ ಪ್ರಶ್ನೆಯನ್ನೂ ಕೇಳಬಹುದು.

ಆಮೇಲೆ

ಕೈರುವಾನ್‌ನಿಂದ ಮರಳಿದ ಕ್ಲೇಗೆ ಮತ್ತೆ ನೋಡುವ ಅವಸರವಿರಲಿಲ್ಲ. ಕಂಡದ್ದನ್ನು ಅರಗಿಸಿಕೊಳ್ಳಬೇಕಿತ್ತು. ಏಪ್ರಿಲ್ 19ರಂದು, ಗೆಳೆಯರಿಗಿಂತ ಮೊದಲೇ ಒಬ್ಬನೇ ಹಡಗು ಹತ್ತಿದ. ಅವನು ಅಲ್ಲಿದ್ದದ್ದು ಹದಿಮೂರೇ ದಿನ. ಕೆಲವು ದಿನಗಳ ಬಳಿಕ ಉಳಿದಿಬ್ಬರೂ ಹೊರಟರು. ಮಾಕೆಯ ಕೈಯಲ್ಲಿ 30ಕ್ಕೂ ಹೆಚ್ಚು ಜಲವರ್ಣಗಳಿದ್ದವು. ಮೊಯಿಯೆ ಬರೆದದ್ದು ಕೆಲವೇ ಚಿತ್ರ. ಆದರೆ ಅವನಿಲ್ಲದೆ ಈ ಪ್ರವಾಸವೇ ನಡೆಯುತ್ತಿರಲಿಲ್ಲ.

ಅದೇ ವರ್ಷದ ಜುಲೈ ಕೊನೆಗೆ ಮೊದಲ ಮಹಾಯುದ್ಧ ಆರಂಭವಾಯಿತು. ಆಗಸ್ಟ್‌ನಲ್ಲಿ ಮಾಕೆಯನ್ನು ಸೈನ್ಯಕ್ಕೆ ಕರೆದರು. ಸೆಪ್ಟೆಂಬರ್ 26ರಂದು ಫ್ರಾನ್ಸಿನ ರಣರಂಗದಲ್ಲಿ ಅವನು ಮಡಿದ. ವಯಸ್ಸು ಇಪ್ಪತ್ತೇಳು, ಹೆಂಡತಿ ಮತ್ತು ಇಬ್ಬರು ಚಿಕ್ಕ ಗಂಡುಮಕ್ಕಳಿದ್ದರು. ಟ್ಯೂನಿಸ್‌ನಿಂದ ಮರಳಿ ಆರು ತಿಂಗಳೂ ಆಗಿರಲಿಲ್ಲ. ಯಾವ ಫ್ರೆಂಚ್ ಬಂದರಿನಿಂದ ಗೆಳೆಯರೊಡನೆ ನಗುತ್ತ ಹೊರಟಿದ್ದನೋ ಅದೇ ದೇಶ ಈಗ ಶತ್ರುವಾಗಿತ್ತು. ಇಬ್ಬರಿಗೂ ಗೆಳೆಯನಾಗಿದ್ದ ಫ್ರಾಂಟ್ಸ್ ಮಾರ್ಕ್ ಎಂಬ ಕಲಾವಿದ 1916ರಲ್ಲಿ ವೆರ್ದೂನ್ ಕದನದಲ್ಲಿ ತೀರಿಕೊಂಡ. ಕ್ಲೇಯೂ 1916ರಲ್ಲಿ ಸೈನ್ಯ ಸೇರಬೇಕಾಯಿತು, ಆದರೆ ಅವನನ್ನು ಮುಂಚೂಣಿಗೆ ಕಳಿಸಲಿಲ್ಲ. ವಿಮಾನಗಳಿಗೆ ಬಣ್ಣ ಹಚ್ಚುವಂಥ ಕೆಲಸ ಮಾಡುತ್ತ ಬದುಕುಳಿದ.

1921ರಿಂದ ಹತ್ತು ವರ್ಷ ಕ್ಲೇ ಜರ್ಮನಿಯ ಪ್ರಸಿದ್ಧ ಕಲಾಶಾಲೆ ಬೌಹೌಸ್‌ನಲ್ಲಿ ಅಧ್ಯಾಪಕನಾಗಿದ್ದ. ಟ್ಯುನೀಸಿಯಾದಲ್ಲಿ ಕಂಡದ್ದನ್ನು ಪಾಠವಾಗಿ ಬಿಡಿಸಿ ಹೇಳಿದ. 1922ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಬೌಹೌಸ್ ಕಲಾವಿದರ ಕೃತಿಗಳ ಪ್ರದರ್ಶನ ನಡೆಯಿತು. ಶಾಂತಿನಿಕೇತನದಲ್ಲಿ ಪಾಠ ಹೇಳುತ್ತಿದ್ದ ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಷ್ ಅವರು ಅದರ ಏರ್ಪಾಟಿನಲ್ಲಿ ಮುಖ್ಯರಾಗಿದ್ದರು. ಹೀಗೆ ಕ್ಲೇಯ ಚಿತ್ರಗಳು ನಮ್ಮ ದೇಶದ ನೋಡುಗರ ಮುಂದೆಯೂ ಬಂದವು. 1933ರಲ್ಲಿ ನಾಜಿಗಳು ಅವನನ್ನು ಅಧ್ಯಾಪಕ ಹುದ್ದೆಯಿಂದ ತೆಗೆದರು. ಅವನು ಸ್ವಿಟ್ಜರ್ಲೆಂಡಿಗೆ ಮರಳಿ 1940ರಲ್ಲಿ ತೀರಿಕೊಂಡ. ಬರ್ನ್ ನಗರದಲ್ಲಿ 2005ರಲ್ಲಿ ತೆರೆದ ಪಾಲ್ ಕ್ಲೇ ಕೇಂದ್ರದಲ್ಲಿ ಅವನ ಸಾವಿರಾರು ಕೃತಿಗಳಿವೆ.

ನಿಮಗೊಂದು ಕೆಲಸ

ಟ್ಯೂನಿಸ್‌ಗೆ ಹೋಗಬೇಕಾಗಿಲ್ಲ. ಬರುವ ಭಾನುವಾರ ಇಬ್ಬರು ಗೆಳೆಯರನ್ನೋ ಗೆಳತಿಯರನ್ನೋ ಜೊತೆಗೆ ಕರೆದುಕೊಂಡು ನಿಮ್ಮೂರಿನ ಹಳೆಯ ಪೇಟೆಗೆ ಹೋಗಿ. ಒಂದೇ ಜಾಗದಲ್ಲಿ ಕುಳಿತು ಮೂವರೂ ಅರ್ಧ ಗಂಟೆ ಚಿತ್ರ ಬರೆಯಿರಿ. ಕೈ ಪಳಗಿಲ್ಲವೆಂಬ ಸಂಕೋಚ ಬೇಡ. ಮುಗಿದ ಮೇಲೆ ಮೂರೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಬ್ಬರು ಜನರನ್ನು ಬರೆದಿರುತ್ತೀರಿ, ಇನ್ನೊಬ್ಬರು ಮಾಳಿಗೆಗಳನ್ನು, ಮತ್ತೊಬ್ಬರು ಬರೀ ನೆರಳನ್ನು. ನೀವು ಬಿಟ್ಟದ್ದನ್ನು ಗೆಳೆಯ ಕಂಡಿರುತ್ತಾನೆ. ಮಾಕೆಯ ಪಕ್ಕದಲ್ಲಿ ಕುಳಿತು ಕ್ಲೇ ಬಣ್ಣ ಕಲಿತದ್ದು ಹೀಗೆಯೇ.

ಏಳುವ ಮುನ್ನ ಇನ್ನೊಂದು ಕೆಲಸ. ನಿಮ್ಮ ಚಿತ್ರದಲ್ಲಿ ಯಾರಾದರೂ ಇದ್ದರೆ, ಹೂವಿನವರೋ ಹಮಾಲರೋ ಯಾರೇ ಆಗಿರಲಿ, ಹತ್ತಿರ ಹೋಗಿ ಅವರಿಗೆ ಅದನ್ನು ತೋರಿಸಿ, ಹೆಸರು ಕೇಳಿ. ಭಾಷೆ ಬಾರದೆಂಬ ಅಡ್ಡಿ ನಿಮಗಿಲ್ಲ. ಆ ಮೂವರು ಮಾಡಲಾಗದೆ ಉಳಿಸಿಹೋದ ಕೆಲಸವನ್ನು ನೀವು ಮಾಡಬಹುದು.